ಸೋತ ಯೂನಿಯನ್‌ಗೆ ಕೋರ್ಟಿನ ಬಾಗಿಲು ಎಲ್ಲಿದೆ?

ಮನೆಮಂದಿ ಗುಂಪು, ಶನಿವಾರ ರಾತ್ರಿ

ಅಣ್ಣ: (ಫಾರ್ವರ್ಡ್ ಆದ ಸಂದೇಶ) ಅಮೆರಿಕದಲ್ಲಿ ಎರಡು ಯೂನಿಯನ್ ಜಗಳವಾಡಿದರೆ ಲೇಬರ್ ಬೋರ್ಡ್ (ಕಾರ್ಮಿಕ ವಿವಾದ ನೋಡುವ ಸರಕಾರಿ ಮಂಡಳಿ) ಹೇಳಿದ್ದೇ ಕೊನೆ ಮಾತು. ಸೋತವರು ಕೋರ್ಟ್ ಮೆಟ್ಟಿಲು ಹತ್ತುವಂತಿಲ್ಲ. ಜಗಳ ಅಲ್ಲಿಗೆ ಮುಗಿಯಿತು. ಎಲ್ಲ ದೇಶಕ್ಕೂ ಇದು ಮಾದರಿ!

ಅಣ್ಣ: ನನಗಂತೂ ಸರಿ ಅನ್ನಿಸಿತು. ಇಬ್ಬರು ಕಿತ್ತಾಡುವಾಗ ಯಾರಾದರೂ ಒಬ್ಬರು ಮುಗಿಸಬೇಕಲ್ವಾ?

ದೊಡ್ಡಪ್ಪ: ಏನು ಸರಿ? ಆ ಬೋರ್ಡಿನಲ್ಲಿ ಐದು ಸ್ಥಾನ. ಐದಕ್ಕೂ ಹೆಸರು ಸೂಚಿಸುವವರು ದೇಶದ ಅಧ್ಯಕ್ಷರು. ಅವರು ತಪ್ಪು ಮಾಡಿದರೆ ಕೇಳುವವರು ಯಾರು? ನಾನು ಇಪ್ಪತ್ತಾರು ವರ್ಷ ಯೂನಿಯನ್ ಕೆಲಸ ಮಾಡಿದವನು. ಮೇಲೆ ಕೇಳುವವರಿಲ್ಲದ ತೀರ್ಪನ್ನು ನಾನು ತೀರ್ಪು ಅನ್ನುವುದಿಲ್ಲ.

ಮಾವ: ಭಾವ, ನೀವು ಕೋರ್ಟ್ ಅಂದ ಕೂಡಲೇ ನನಗೆ ವರ್ಷಗಟ್ಟಲೆ ಅಲೆದಾಟ ಕಣ್ಣಿಗೆ ಬರುತ್ತದೆ. ನಡುವೆ ಸಿಕ್ಕಿಕೊಂಡ ಮಾಲೀಕನ ಪಾಡು ಯೋಚಿಸಿ. ಈ ಕಡೆಯವರಿಗೆ ಕೆಲಸ ಕೊಟ್ಟರೆ ಆ ಕಡೆಯವರ ಮುಷ್ಕರ. ಆ ಕಡೆ ಕೊಟ್ಟರೆ ಈ ಕಡೆಯವರದು. ಅವನು ಯಾರ ಸಂಬಳವನ್ನೂ ಹಿಡಿದಿಲ್ಲ, ಯಾರನ್ನೂ ಕೆಲಸದಿಂದ ತೆಗೆದಿಲ್ಲ.

ನಾನು: ಅಣ್ಣಾ, ಈ ಫಾರ್ವರ್ಡ್ ಪೂರ್ತಿ ಸರಿಯಿಲ್ಲ. ಕಾರ್ಮಿಕ ಕಾನೂನು ಪಾಠ ಮಾಡುವವಳಾಗಿ ಇದನ್ನು ಓದಿ ಸುಮ್ಮನಿರಲು ಆಗುತ್ತಿಲ್ಲ. ಅಲ್ಲಿ ಯೂನಿಯನ್‌ಗಳ ಜಗಳ ಎರಡು ಬಗೆ. ಕೆಲಸಗಾರರ ಪರವಾಗಿ ಮಾತಾಡುವ ಹಕ್ಕು ಯಾರಿಗೆ ಅನ್ನುವುದು ಒಂದು. ಈ ಕೆಲಸ ಯಾರ ಕೈಗೆ ಸೇರಬೇಕು ಅನ್ನುವುದು ಇನ್ನೊಂದು. ಬೋರ್ಡ್ ಒಂದೇ ಆದರೂ ಕೋರ್ಟಿಗೆ ಹೋಗುವ ದಾರಿ ಬೇರೆ ಬೇರೆ.

ಚಿಕ್ಕಮ್ಮ: ಸ್ವಲ್ಪ ಬಿಡಿಸಿ ಹೇಳು ಪುಟ್ಟಿ. ನಮಗೆಲ್ಲ ಗೊತ್ತಾಗುವ ಹಾಗೆ.

ನಾನು: ಹೇಳುತ್ತೇನೆ ಚಿಕ್ಕಮ್ಮ. ಮೊದಲನೆಯದು ತಗೊಳ್ಳಿ. ಪೆಸಿಫಿಕ್ ಕರಾವಳಿಯ ಬಂದರುಗಳಲ್ಲಿ ಹಡಗಿನ ಸರಕು ಇಳಿಸುವ ಕೂಲಿಗಳು. ಅವರಿಗೆ ಎರಡು ಯೂನಿಯನ್, ಎರಡು ಬೇರೆ ಒಕ್ಕೂಟಕ್ಕೆ ಸೇರಿದವು. ಬೋರ್ಡ್ ಇಡೀ ಕರಾವಳಿಯನ್ನು ಒಂದೇ ಘಟಕ, ಅಂದರೆ ಒಂದೇ ಯೂನಿಯನ್ ಪ್ರತಿನಿಧಿಸುವ ಒಂದೇ ಗುಂಪು, ಅಂತ ಲೆಕ್ಕ ಹಾಕಿತು. ಒಟ್ಟು ಲೆಕ್ಕದಲ್ಲಿ ಜಾಸ್ತಿ ಜನ ಇದ್ದ ಯೂನಿಯನ್‌ಗೆ ಮಾನ್ಯತೆ, ಅಂದರೆ ಎಲ್ಲರ ಪರವಾಗಿ ಮಾತಾಡುವ ಹಕ್ಕು, ಕೊಟ್ಟಿತು. ಕೆಲವು ಬಂದರುಗಳಲ್ಲಿ ಇನ್ನೊಂದು ಯೂನಿಯನ್‌ನವರೇ ಜಾಸ್ತಿ ಇದ್ದರು. ಒಟ್ಟಿನಲ್ಲಿ ಅವರ ಲೆಕ್ಕ ಮುಳುಗಿಹೋಯಿತು. ಅವರು ಕೋರ್ಟಿಗೆ ಹೋದರು. 1940ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಮಾನ್ಯತೆ ಕೊಡುವುದು ಅಂತಿಮ ಆದೇಶ ಅಲ್ಲ. ಅಂತಿಮ ಆದೇಶದ ಮೇಲೆ ಮಾತ್ರ ಅಪೀಲು.

ದೊಡ್ಡಪ್ಪ: ನೋಡಿದೆಯಾ! ಇದನ್ನೇ ನಾನು ಹೇಳಿದ್ದು. ತಮ್ಮ ಬಂದರಿನಲ್ಲಿ ತಾವೇ ಜಾಸ್ತಿ ಇದ್ದರೂ ತಮ್ಮ ಯೂನಿಯನ್ ಕಳೆದುಕೊಂಡರು. ಕೇಳಲು ಜಾಗವಿಲ್ಲ.

ನಾನು: ನಿಮ್ಮ ಸಂಕಟ ಅರ್ಥವಾಗುತ್ತದೆ ದೊಡ್ಡಪ್ಪ. ಆದರೆ ಹೀಗೆ ಯಾಕೆ ಮಾಡಿದರು ಅನ್ನುವುದನ್ನೂ ನೋಡಬೇಕು. ಈ ಬೋರ್ಡನ್ನು ಹುಟ್ಟುಹಾಕಿದ 1935ರ ಕಾರ್ಮಿಕ ಕಾಯ್ದೆಗೆ ಮೊದಲು, 1934ರ ವ್ಯವಸ್ಥೆಯಲ್ಲಿ, ಯೂನಿಯನ್ ಚುನಾವಣೆ ನಡೆಸಿ ಅನ್ನುವ ಆದೇಶವನ್ನೇ ಕೋರ್ಟಿಗೆ ಎಳೆಯಬಹುದಿತ್ತು. ಮಾಲೀಕರು ಎಳೆದರು. ಮತದಾನವೇ ನಡೆಯದೆ ತಿಂಗಳುಗಳು ಹೋದವು. ಯೂನಿಯನ್ ಕಟ್ಟಿದವರಿಗೆ ಗೊತ್ತಲ್ಲ, ಜನರ ಹುರುಪು ಎಷ್ಟು ದಿನ ಉಳಿಯುತ್ತದೆ ಅಂತ. ಆ ತಡೆ ಬೇಡ ಅಂತಲೇ ಬಾಗಿಲನ್ನು ಬೇಕೆಂದೇ ಹಿಂದಕ್ಕೆ ಸರಿಸಿದರು. ಈ ವಿಷಯದಲ್ಲಿ ನಾನು ಆ ಕಾಯ್ದೆಯ ಪರ.

ಮಾವ: ಇದಪ್ಪ ಮಾತು. ಹಾಗಾದರೆ ಫಾರ್ವರ್ಡ್ ಸರಿಯೇ ಆಯಿತಲ್ಲ?

ನಾನು: ಇಲ್ಲ ಮಾವ. ಮಾನ್ಯತೆಯ ವಿಷಯದಲ್ಲೂ ಒಂದು ಕಿಂಡಿ ಇದೆ. ನ್ಯೂಯಾರ್ಕ್ ರಾಜ್ಯದ ಚೀಕ್ಟವಾಗದಲ್ಲಿ ವೆಸ್ಟಿಂಗ್‌ಹೌಸ್ ಕಾರ್ಖಾನೆ. ಅಲ್ಲಿನ ಎಂಜಿನಿಯರ್‌ಗಳ ಸಂಘ ತಮ್ಮದೇ ಘಟಕ ಕೇಳಿತು. ಎದುರಾಳಿ ಯೂನಿಯನ್ ಬಂದು ಇನ್ನೂ ಕೆಲವರನ್ನು ಸೇರಿಸಿ ಅಂದಿತು. ಬೋರ್ಡ್ 233 ವೃತ್ತಿಪರರ ಜೊತೆ, ವೃತ್ತಿಪರರಲ್ಲದ 9 ಜನರನ್ನು ಸೇರಿಸಿಬಿಟ್ಟಿತು. ಹೀಗೆ ಬೆರೆಸುವ ಮೊದಲು ವೃತ್ತಿಪರರ ಬಹುಮತ ಕೇಳಬೇಕು ಅಂತ ಕಾನೂನಿನಲ್ಲೇ ಇದೆ. ಬೋರ್ಡ್ ಮತ ಕೇಳಲಿಲ್ಲ. 1958ರಲ್ಲಿ ಸುಪ್ರೀಂ ಕೋರ್ಟ್, ಇದನ್ನು ಜಿಲ್ಲಾ ಕೋರ್ಟ್ ನೇರವಾಗಿ ತಳ್ಳಿಹಾಕಬಹುದು ಅಂದಿತು.

ಚಿಕ್ಕಮ್ಮ: ಬರೀ ಒಂಬತ್ತು ಜನಕ್ಕೆ ಇಷ್ಟು ದೊಡ್ಡ ಕೇಸಾ?

ನಾನು: ಸಂಖ್ಯೆಯ ಪ್ರಶ್ನೆ ಅಲ್ಲ ಚಿಕ್ಕಮ್ಮ. ಮಾಡಬೇಡ ಅಂತ ಕಾನೂನು ನೇರವಾಗಿ ಹೇಳಿದ್ದನ್ನು ಬೋರ್ಡ್ ಮಾಡಿತ್ತು. ಆಗ ಮಾತ್ರ ಈ ಕಿಂಡಿ. 1964ರಲ್ಲಿ ಗ್ರೇಹೌಂಡ್ ಬಸ್ ಕಂಪನಿ ಇದೇ ಕಿಂಡಿಯಲ್ಲಿ ನುಗ್ಗಲು ನೋಡಿತು. ಕೋರ್ಟ್ ಬಿಡಲಿಲ್ಲ. ಬೋರ್ಡ್ ಸಂಗತಿಗಳನ್ನು ತಪ್ಪಾಗಿ ತೂಗಿದೆ ಅನ್ನುವುದು ಸಾಲದು ಅಂದಿತು.

ಅಣ್ಣ: ಸರಿ, ಒಪ್ಪಿದೆ. "ಹತ್ತುವಂತಿಲ್ಲ" ಅನ್ನುವುದು ಜಾಸ್ತಿ ಆಯಿತು. ಎರಡನೆಯ ಬಗೆ ಏನು?

ನಾನು: ನನ್ನನ್ನು ನಿಜವಾಗಿ ಕಾಡುವುದು ಅದೇ. 1947ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅಧ್ಯಕ್ಷ ಟ್ರೂಮನ್ ಬೇಡ ಅಂದರೂ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಪಾಸು ಮಾಡಿತು. ಮಾವ ಹೇಳಿದರಲ್ಲ, ನಡುವೆ ಸಿಕ್ಕಿಕೊಂಡ ಮಾಲೀಕ, ಅವನಿಗಾಗಿ ಬಂದ ಕಲಂ ಅದರಲ್ಲಿದೆ. ಬೇರೆಯವರಿಗೆ ಕೊಟ್ಟ ಕೆಲಸ ನಮಗೇ ಕೊಡಿ ಅಂತ ಒಂದು ಯೂನಿಯನ್ ಮುಷ್ಕರ ಹೂಡಿದರೆ, ಅಥವಾ ಹೂಡುತ್ತೇವೆ ಅಂತ ಬೆದರಿಸಿದರೆ, ಮಾಲೀಕ ಬೋರ್ಡಿಗೆ ದೂರು ಕೊಡಬಹುದು. ನೀವೇ ಬಗೆಹರಿಸಿಕೊಳ್ಳಿ ಅಂತ ಬೋರ್ಡ್ ಹತ್ತು ದಿನ ಕೊಡುತ್ತದೆ. ಆಗದಿದ್ದರೆ ಕಲಂ 10(ಕೆ) ಅಡಿಯಲ್ಲಿ ವಿಚಾರಣೆ. ಕೆಲಸ ಯಾರದು ಅಂತ ಬೋರ್ಡೇ ಹೇಳುತ್ತದೆ.

ಮಾವ: ಹತ್ತು ದಿನ ಕೊಟ್ಟು ಆಮೇಲೆ ತೀರ್ಮಾನ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೇನು ಬೇಕು?

ನಾನು: ಆ ತೀರ್ಮಾನದ ಮೇಲೆ ನೇರ ಅಪೀಲಿಲ್ಲ ಮಾವ. ಅದೂ ಅಂತಿಮ ಆದೇಶ ಅಲ್ಲ. ಸೋತ ಯೂನಿಯನ್ ತಲೆಬಾಗಿ ಒಪ್ಪಿಕೊಂಡರೆ ದೂರು ಅಲ್ಲಿಗೇ ಮುಗಿಯುತ್ತದೆ, ಕೋರ್ಟ್ ಆ ತೀರ್ಮಾನವನ್ನು ನೋಡುವುದೇ ಇಲ್ಲ. ಕೋರ್ಟ್ ನೋಡಬೇಕಾದರೆ ಯೂನಿಯನ್ ಮೊದಲು ಬೋರ್ಡಿನ ಮಾತು ಮೀರಬೇಕು. ಆಮೇಲೆ ಅದರ ಮೇಲೆ ಕಾನೂನುಬಾಹಿರ ನಡತೆಯ ಆರೋಪ ಬರುತ್ತದೆ. ಬೋರ್ಡ್ ನಿಲ್ಲಿಸು ಅಂತ ಆದೇಶ ಮಾಡುತ್ತದೆ. ಆ ಆದೇಶದ ಮೇಲೆ ಅಪೀಲು. ಅಂದರೆ ಆರೋಪಿಯಾಗಿ ನಿಂತವನಿಗೆ ಮಾತ್ರ ಬಾಗಿಲು. ಪಾಲಿಸಿದವನಿಗೆ ಇಲ್ಲ. ಪಾಠ ಮಾಡುವಾಗ ಪ್ರತಿ ವರ್ಷ ಈ ಜಾಗದಲ್ಲಿ ನನ್ನ ಮಾತು ನಿಲ್ಲುತ್ತದೆ.

ದೊಡ್ಡಪ್ಪ: ಇದು ಅನ್ಯಾಯ. ಸಭ್ಯನಿಗೆ ಶಿಕ್ಷೆ.

ಅಣ್ಣ: ಹಾಗೆ ಮೀರಿ ಗೆದ್ದವರು ಯಾರಾದರೂ ಇದ್ದಾರಾ?

ನಾನು: ಇದ್ದಾರೆ. ಸಿಬಿಎಸ್ ಟಿವಿ ಕಂಪನಿ, ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಿಂದ ಒಂದು ಕಾರ್ಯಕ್ರಮ ಪ್ರಸಾರ ಮಾಡಬೇಕಿತ್ತು. ಲೈಟಿಂಗ್ ಯಾರ ಕೆಲಸ? ಟಿವಿ ತಂತ್ರಜ್ಞರ ಯೂನಿಯನ್ ನಮ್ಮದು ಅಂದಿತು. ರಂಗಸಜ್ಜಿಕೆಯವರ ಯೂನಿಯನ್ ನಮ್ಮದು ಅಂದಿತು. ಕಂಪನಿ ಎರಡನೆಯವರಿಗೆ ಕೊಟ್ಟಿತು. ತಂತ್ರಜ್ಞರು ಕ್ಯಾಮೆರಾ ಮುಟ್ಟಲಿಲ್ಲ. ಕಾರ್ಯಕ್ರಮ ರದ್ದಾಯಿತು. ಬೋರ್ಡ್ ಏನು ಮಾಡಿತು ಗೊತ್ತಾ? ಈ ಕೆಲಸವನ್ನು ತಂತ್ರಜ್ಞರಿಗೆ ಕೊಡುವ ಮಾನ್ಯತೆಯೂ ಇಲ್ಲ, ಒಪ್ಪಂದವೂ ಇಲ್ಲ, ಆದ್ದರಿಂದ ಹಕ್ಕಿಲ್ಲ ಅಂತ ಹೇಳಿ ಫೈಲು ಮುಚ್ಚಿತು. ಇಬ್ಬರಲ್ಲಿ ಯಾರಿಗೆ ಸೇರಬೇಕು ಅಂತ ಹೇಳಲೇ ಇಲ್ಲ. ತಂತ್ರಜ್ಞರು ಒಪ್ಪಲಿಲ್ಲ, ಆರೋಪ ಹೊತ್ತರು, ವಿಷಯ ಕೋರ್ಟಿಗೆ ಹೋಯಿತು. 1961ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಬೋರ್ಡಿಗೆ ಹೇಳಿತು: ಜಗಳ ತೀರಿಸುವುದು ನಿನ್ನ ಕೆಲಸ. ಇಬ್ಬರನ್ನೂ ತೂಗಿ, ಕೆಲಸ ಯಾರದು ಅಂತ ಹೇಳಲೇಬೇಕು.

ಚಿಕ್ಕಮ್ಮ: ಅಂದರೆ ಅವರು ಮಾತು ಮೀರದೇ ಇದ್ದಿದ್ದರೆ ಬೋರ್ಡ್ ಹಾಗೇ ನಡೆಸಿಕೊಂಡು ಹೋಗುತ್ತಿತ್ತು?

ನಾನು: ಹೌದು ಚಿಕ್ಕಮ್ಮ. 1947ರಿಂದ 1961ರವರೆಗೆ, ಹದಿಮೂರು ವರ್ಷಕ್ಕೂ ಜಾಸ್ತಿ. ಕೋರ್ಟ್ ಬೇಡ ಅನ್ನುವವರಿಗೆ ನಾನು ಈ ಕೇಸನ್ನೇ ತೋರಿಸುವುದು.

ಮಾವ: ಆದರೂ ಆಮೇಲೆ ಬೋರ್ಡ್ ಸರಿಯಾಗಿ ತೂಗುತ್ತಿದೆಯಲ್ಲ? ಕೌಶಲ, ಹಿಂದಿನ ರೂಢಿ, ಒಪ್ಪಂದ, ಖರ್ಚು, ಎಲ್ಲ ನೋಡುತ್ತಾರೆ ಅಂತ ಓದಿದ್ದೇನೆ.

ನಾನು: ನೋಡುತ್ತಾರೆ. ಆ ಪಟ್ಟಿಯಲ್ಲಿ ಮಾಲೀಕನಿಗೆ ಯಾರು ಬೇಕು ಅನ್ನುವುದೂ ಇದೆ. ಎಷ್ಟೋ ಕೇಸಿನಲ್ಲಿ ಮಾಲೀಕ ಯಾರಿಗೆ ಕೆಲಸ ಕೊಟ್ಟಿದ್ದನೋ ಕೊನೆಗೆ ಅವರಿಗೇ ಹೋಗುತ್ತದೆ. ಕೋರ್ಟ್ ಇದರಲ್ಲಿ ಜಾಸ್ತಿ ಕೈ ಹಾಕುವುದಿಲ್ಲ. ಸಾಕಷ್ಟು ಪುರಾವೆ ಇದೆಯಾ ಅಂತ ನೋಡಿ ಬಿಡುತ್ತದೆ.

ದೊಡ್ಡಪ್ಪ: ಹಾಗಾದರೆ ಯೂನಿಯನ್‌ಗಳೇ ಕೂತು ಪಂಚಾಯಿತಿ ಮಾಡಿಕೊಳ್ಳಬೇಕು. ಬೋರ್ಡೂ ಬೇಡ, ಕೋರ್ಟೂ ಬೇಡ.

ನಾನು: ಅದನ್ನೂ ಮಾಡಿದ್ದರು ದೊಡ್ಡಪ್ಪ. ಕಟ್ಟಡ ಕೆಲಸದವರಿಗೆ ಅಂಥದ್ದೊಂದು ಜಂಟಿ ಮಂಡಳಿ ಇತ್ತು. ಟೆಕ್ಸಸ್‌ನಲ್ಲಿ ಗಾರೆ ಕೆಲಸದವರಿಗೂ ಟೈಲ್ಸ್ ಹಾಕುವವರಿಗೂ ಜಗಳ. ಟೈಲ್ಸ್ ಕೆಳಗಿನ ಗಾರೆ ಯಾರು ಹಾಕಬೇಕು ಅಂತ. ಜಂಟಿ ಮಂಡಳಿ ಗಾರೆಯವರ ಪರ ಹೇಳಿತು. ಟೈಲ್ಸ್‌ನವರ ಮಾಲೀಕರು ಆ ಮಂಡಳಿಗೆ ಒಪ್ಪಿರಲಿಲ್ಲ. ಲೇಬರ್ ಬೋರ್ಡ್ ಕೆಲಸವನ್ನು ಟೈಲ್ಸ್‌ನವರಿಗೆ ಕೊಟ್ಟಿತು. 1971ರಲ್ಲಿ ಸುಪ್ರೀಂ ಕೋರ್ಟ್ ಬೋರ್ಡನ್ನೇ ಎತ್ತಿಹಿಡಿಯಿತು. ಮಾಲೀಕನೂ ಒಪ್ಪಿದ್ದರೆ ಮಾತ್ರ ಅದು ರಾಜಿ ಅಂದಿತು.

ಮಾವ: ಅದು ನ್ಯಾಯವೇ. ಸಂಬಳ ಕೊಡುವವನನ್ನು ಬಿಟ್ಟು ರಾಜಿ ಹೇಗೆ?

ದೊಡ್ಡಪ್ಪ: ಕೈಗೆ ಗಾರೆ ಮೆತ್ತಿಕೊಂಡವನು ಇಲ್ಲದೆ ಗೋಡೆ ಹೇಗೆ? ಇಬ್ಬರಿಗೂ ಮಾತು ಇರಲಿ. ನಮ್ಮ ಯೂನಿಯನ್ ಎರಡಾಗಿ ಒಡೆದಾಗ ನಾನು ನೋಡಿದ್ದೇನೆ. ಆ ಕಡೆ ಹೋದವರು ನಿನ್ನೆಯವರೆಗೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ನಮ್ಮ ಮಾತು ಯಾರೂ ಪೂರ್ತಿ ಕೇಳಲಿಲ್ಲ ಅನ್ನುವ ನೋವು ಸೋತದ್ದಕ್ಕಿಂತ ಜಾಸ್ತಿ ದಿನ ಉಳಿಯಿತು.

ಭಾನುವಾರ ಬೆಳಗ್ಗೆ

ಅಣ್ಣ: ರಾತ್ರಿ ಯೋಚಿಸಿದೆ. ಮೀರಿದರೆ ತಾನೇ ಕೋರ್ಟು? ಹಾಗಿದ್ದರೆ ಧೈರ್ಯ ಇದ್ದವರು ಮೀರಲಿ. ನಂಬಿಕೆ ಎಷ್ಟು ಗಟ್ಟಿ ಅಂತ ಅದರಲ್ಲೇ ಗೊತ್ತಾಗುತ್ತದೆ.

ನಾನು: ಅಣ್ಣಾ, ಅದರ ಬೆಲೆ ಗೊತ್ತಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಅಲಾಸ್ಕಾದ ಜೂನೋ ಊರಿನಲ್ಲಿ ಒಂದು ಮರದ ಮಿಲ್ಲು. ಕೊಯ್ದ ಮರವನ್ನು ದೋಣಿಗೆ ತುಂಬುವ ಕೆಲಸಕ್ಕೆ ಬಂದರು ಕೆಲಸಗಾರರ ಯೂನಿಯನ್‌ಗೂ ಮಿಲ್ಲಿನವರ ಯೂನಿಯನ್‌ಗೂ ಜಗಳ. ಬಂದರಿನವರು ಮಿಲ್ಲಿನ ಮುಂದೆ ಧರಣಿ ಕೂತರು. ಅದೇ 1947ರ ಕಾಯ್ದೆಯ ಕಲಂ 303 ಹಿಡಿದು ಕಂಪನಿ ನಷ್ಟ ಕೇಳಿತು. ಜ್ಯೂರಿ ಕೊಟ್ಟದ್ದು 7,50,000 ಡಾಲರ್. 1952ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಾಲದ ಏಳೂವರೆ ಲಕ್ಷ ಡಾಲರ್! ಇಷ್ಟು ತೆರಬೇಕಾಗಬಹುದು ಅಂತ ಗೊತ್ತಿದ್ದರೆ ಯಾವ ಸಣ್ಣ ಯೂನಿಯನ್ ಮೀರುತ್ತದೆ?

ಅಣ್ಣ: ಇದು ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತಗೊಂಡೆ.

ದೊಡ್ಡಪ್ಪ: ಸರಿ ಪುಟ್ಟಿ, ನಿನ್ನ ಪ್ರಕಾರ ಏನು ಮಾಡಬೇಕು? ಬರೀ ಕಷ್ಟ ಹೇಳಿದರೆ ಸಾಲದು.

ನಾನು: ಮಾನ್ಯತೆಯ ವಿಷಯದಲ್ಲಿ ಕಿಂಡಿ ಕಿಂಡಿಯಾಗಿಯೇ ಇರಲಿ. ಅಲ್ಲಿ ತಡವಾದರೆ ಕೆಲಸಗಾರರಿಗೇ ಪೆಟ್ಟು. ಆದರೆ 10(ಕೆ) ತೀರ್ಮಾನದ ಮೇಲೆ ನೇರ ಅಪೀಲು ಕೊಡಬೇಕು. ಮುಷ್ಕರ ಹೂಡದೆ, ಆರೋಪ ಹೊರದೆ, ಅರ್ಜಿ ಹಿಡಿದು ಹೋಗಲು ಆಗಬೇಕು.

ಮಾವ: ಅಲ್ಲಿಯವರೆಗೆ ಕಾಮಗಾರಿ ನಿಲ್ಲಬೇಕಾ? ಸ್ಟೇ ಬಂದರೆ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ನಾನು: ಸ್ಟೇ ಬೇಡ. ಬೋರ್ಡ್ ಹೇಳಿದವರು ಕೆಲಸ ಮಾಡುತ್ತಿರಲಿ. ಕೋರ್ಟ್ ಪಕ್ಕದಲ್ಲಿ ಕೇಳಲಿ.

ಚಿಕ್ಕಮ್ಮ: ಕೋರ್ಟ್ ಹೇಳುವ ಹೊತ್ತಿಗೆ ಗಾರೆ ಒಣಗಿ ಟೈಲ್ಸ್ ಕೂತಿರುತ್ತದೆ. ಗೆದ್ದವನಿಗೆ ಸಿಕ್ಕಿದ್ದೇನು?

ನಾನು: ಆ ಕಟ್ಟಡದಲ್ಲಿ ಏನೂ ಇಲ್ಲ ಚಿಕ್ಕಮ್ಮ, ನಿಜ. ಆದರೆ ಅದೇ ಎರಡು ಯೂನಿಯನ್ ಮುಂದಿನ ಕಟ್ಟಡದಲ್ಲೂ ಎದುರುಬದುರಾಗುತ್ತವೆ. ಸಿಬಿಎಸ್‌ನ ರದ್ದಾದ ಕಾರ್ಯಕ್ರಮವೂ ವಾಪಸ್ ಬರಲಿಲ್ಲ. 1961ರ ಮಾತು ಮಾತ್ರ ಆಮೇಲಿನ ಎಲ್ಲ ಕೇಸಿಗೂ ಸಿಕ್ಕಿತು.

ಮಾವ: ಸ್ಟೇ ಇಲ್ಲ ಅಂದರೆ ನನಗೆ ಒಪ್ಪಿಗೆ. ಭಾವ, ನೀವೇನು ಅನ್ನುತ್ತೀರಿ?

ದೊಡ್ಡಪ್ಪ: ಅರ್ಧ ಒಪ್ಪಿಗೆ. ಆ ಕರಾವಳಿ ಬಂದರಿನವರ ವಿಷಯ ನನಗಿನ್ನೂ ಚುಚ್ಚುತ್ತಿದೆ. ಒಂದೊಂದು ಬಂದರಿನಲ್ಲಿ ಬೇರೆ ಬೇರೆ ಮತ ಕೇಳಿದ್ದರೆ ಏನಾಗುತ್ತಿತ್ತು? ಸಂಜೆ ಫೋನ್ ಮಾಡು ಪುಟ್ಟಿ, ಆ 1940ರ ತೀರ್ಪನ್ನು ಸಾಲು ಸಾಲಾಗಿ ಓದಿ ಹೇಳು. ಅಲ್ಲಿಯವರೆಗೆ ಆ ವಿಷಯದಲ್ಲಿ ನಾನು ಒಪ್ಪಿದೆ ಅಂತ ಯಾರೂ ಬರೆಯಬೇಡಿ.

ನಾನು: ಆರು ಗಂಟೆಗೆ ಮಾಡುತ್ತೇನೆ ದೊಡ್ಡಪ್ಪ.

ಅಣ್ಣ: ಫಾರ್ವರ್ಡ್ ಅಳಿಸಿದ್ದೇನೆ. ಕಳಿಸಿದವರಿಗೂ ಜೂನೋ ಮತ್ತು ಸಿಬಿಎಸ್ ವಿಷಯ ಬರೆದು ಕಳಿಸಿದೆ.