ಗುರಿ ಅಭ್ಯಾಸಕ್ಕೆ ಭಾರದ ಫುಲ್‌ಸೈಜ್ ಪಿಸ್ತೂಲು: ಯಾವುದು ಕೈಗೆ ಹಿತ?

ಹೊಸಗುರಿ

ಬರೀ ಕಾಗದದ ಗುರಿಗೆ ಹೊಡೆಯೋಕೆ 9 ಮಿಮೀ ಪಿಸ್ತೂಲು ನೋಡ್ತಿದ್ದೇನೆ. ಸೊಂಟಕ್ಕೆ ಕಟ್ಟಿಕೊಳ್ಳುವ ಮಾತೇ ಇಲ್ಲ, ಹಾಗಾಗಿ ಎಷ್ಟು ಭಾರ ಇದ್ದರೂ ಚಿಂತೆ ಇಲ್ಲ. ದೂರ 15 ಮತ್ತು 25 ಮೀಟರ್, ಎರಡೂ ಕೈ ಹಿಡಿತ, ಒಂದು ಸಲಕ್ಕೆ 100ರಿಂದ 150 ರೌಂಡ್. ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನ, ಅಂದರೆ ಹಿಡಿ ಸೇರಿದ ಕೆಳಚೌಕಟ್ಟಿನ, ಪಿಸ್ತೂಲಿನಲ್ಲಿ 60 ರೌಂಡ್ ಆಗುವಷ್ಟರಲ್ಲಿ ಮಣಿಕಟ್ಟು ಸೋಲುತ್ತೆ, ಗುಂಡುಗಳು ಎಡಕ್ಕೆ ಕೆಳಕ್ಕೆ ಹೋಗೋಕೆ ಶುರುವಾಗುತ್ತೆ. ಬಲಗೈ, ಅಂಗೈ ಸ್ವಲ್ಪ ಚಿಕ್ಕದು.

ಪಟ್ಟಿಯಲ್ಲಿ ಇರೋದು: ಸಿಝೆಡ್ ಶ್ಯಾಡೋ 2, ಬೆರೆಟ್ಟಾ 92ಎಫ್‌ಎಸ್, ಸಿಗ್ ಪಿ226, ಮತ್ತೆ .45 ಇಂಚು ಕ್ಯಾಲಿಬರಿನ (ಗುಂಡಿನ ಅಡ್ಡಳತೆ) 1911. ಭಾರ ಜಾಸ್ತಿ ಇದ್ದಷ್ಟೂ ಒದೆತ ಕಮ್ಮಿ ಅನ್ನೋದು ಎಷ್ಟರ ಮಟ್ಟಿಗೆ ನಿಜ?

ಕಬ್ಬಿಣದ ಕಡಲೆ

ನಿಜವೇ. ಲೆಕ್ಕ ಹಾಕಿ ನೋಡೋಣ. 124 ಗ್ರೇನ್ ಗುಂಡು ಅಂದರೆ 8 ಗ್ರಾಂ. ಸೆಕೆಂಡಿಗೆ ಸುಮಾರು 350 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ (ಕೆಜಿಯಲ್ಲಿ ತೂಕ × ವೇಗ) 2.8, ಹಿಂದೆಯೇ ನುಗ್ಗುವ ಅನಿಲದ ಪಾಲು ಸೇರಿಸಿದರೆ ಹೆಚ್ಚುಕಮ್ಮಿ 3.2. ಪಿಸ್ತೂಲು 700 ಗ್ರಾಂ ಇದ್ದರೆ ಅದು ಸೆಕೆಂಡಿಗೆ 4.6 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತೆ, ಒದೆತದ ಶಕ್ತಿ 7.3 ಜೂಲ್. ಅದೇ ಗುಂಡು, 1,300 ಗ್ರಾಂ ಪಿಸ್ತೂಲು: ವೇಗ 2.5, ಶಕ್ತಿ 3.9 ಜೂಲ್. ಸರಿಸುಮಾರು ಅರ್ಧ. ಅಂಗೈ ತಡೆಯಬೇಕಾದ ಒಟ್ಟು ತಳ್ಳು ಅಷ್ಟೇ ಇರುತ್ತೆ, ಆದರೆ ಚಟೀರಂತ ಬರೋದಿಲ್ಲ, ನಿಧಾನಕ್ಕೆ ನೂಕಿದ ಹಾಗೆ ಬರುತ್ತೆ.

ಈಗ .45ರ 1911. 230 ಗ್ರೇನ್, 255 ಮೀಟರ್ ವೇಗ, ಅನಿಲ ಸೇರಿ ಸಂವೇಗ 4.2. ಪಿಸ್ತೂಲಿನ ತೂಕ 1.1 ಕೆಜಿ. ಶಕ್ತಿ 8 ಜೂಲ್! ನಿಮ್ಮ ಮಣಿಕಟ್ಟು ಸೋಲಿಸ್ತಿರೋ ಪಾಲಿಮರ್ 9 ಮಿಮೀಗಿಂತ ಜಾಸ್ತಿ. ಭಾರ ಇದೆ ಅಂತ ಅದನ್ನ ತಗೊಂಡರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. 1911 ಇಷ್ಟ ಅಂದರೆ 9 ಮಿಮೀಯದ್ದೇ ನೋಡಿ. ಹಿಡಿ ತೆಳು, ಟ್ರಿಗರ್ ನೇರ ಹಿಂದಕ್ಕೆ ಜಾರುತ್ತೆ, ಗಿಡ್ಡ ಟ್ರಿಗರ್ ಹಾಕಿಸಬಹುದು. ಚಿಕ್ಕ ಅಂಗೈಗೆ ಅದು ಒಳ್ಳೆಯದೇ.

ಪಟ್ಟಿಯಲ್ಲಿರೋ ಉಳಿದ ಮೂರೂ ಒಂದೇ ಜಾತಿ ಅಂದುಕೊಳ್ಳಬೇಡಿ. 92ಎಫ್‌ಎಸ್ (ಸುಮಾರು 950 ಗ್ರಾಂ) ಮತ್ತು ಪಿ226 ಎರಡರ ಫ್ರೇಮೂ ಅಲ್ಯೂಮಿನಿಯಂ ಮಿಶ್ರಲೋಹ. ನೋಡೋಕೆ ದೊಡ್ಡವು, ಆದರೆ ಪೂರ್ತಿ ಉಕ್ಕಲ್ಲ. ಶ್ಯಾಡೋ 2 ಪೂರ್ತಿ ಉಕ್ಕು, 1.3 ಕೆಜಿ ಆಸುಪಾಸು.

ನಳಿಗೆಮೂತಿ

ಲೆಕ್ಕ ಸರಿ, ಆದರೆ ತೂಕ ಎಷ್ಟು ಅನ್ನೋದು ಅರ್ಧ ಕಥೆ. ಎಲ್ಲಿ ಕೂತಿದೆ ಅನ್ನೋದು ಇನ್ನರ್ಧ. ಶ್ಯಾಡೋ 2, ಸಿಝೆಡ್‌ನದೇ ಎಸ್‌ಪಿ-01 ಇವುಗಳಲ್ಲಿ ಫ್ರೇಮಿನ ಮುಂಭಾಗ ನಳಿಗೆಯ ತುದಿತನಕ ಚಾಚಿಕೊಂಡಿದೆ, ಉಕ್ಕು ಮೂತಿಯ ಕಡೆ ಇದೆ. ಹಾಗಾಗಿ ಮೂತಿ ಮೇಲಕ್ಕೆ ಎಗರೋದು ಕಮ್ಮಿ. ಜೊತೆಗೆ ಸ್ಲೈಡ್ (ಹಿಂದೆ ಮುಂದೆ ಓಡುವ ಮೇಲ್ಭಾಗ) ಫ್ರೇಮಿನ ಹಳಿಗಳ ಒಳಗೆ ಓಡುತ್ತೆ, ಬೇರೆ ಹೆಚ್ಚಿನವುಗಳ ಹಾಗೆ ಹೊರಗಲ್ಲ. ನಳಿಗೆ ಕೈಗೆ ಹತ್ತಿರ ಕೂರುತ್ತೆ, ಮೂತಿಯನ್ನ ಮೇಲಕ್ಕೆ ತಿರುಗಿಸುವ ಸನ್ನೆಕೋಲು ಗಿಡ್ಡ ಆಗುತ್ತೆ.

ಇದಕ್ಕೆ ತೆರಬೇಕಾದ ಬೆಲೆ ಒಂದಿದೆ: ಹೊರಗೆ ಕಾಣೋ ಸ್ಲೈಡ್ ಬೆರಳೆರಡರಷ್ಟೂ ಇಲ್ಲ. ಬೆವರಿದ ಕೈಯಲ್ಲಿ ಎಳೆಯೋಕೆ ಜಾರುತ್ತೆ.

ಮೂತಿಭಾರ ಎಲ್ಲರಿಗೂ ಆಗಿಬರೋಲ್ಲ. ಪರೀಕ್ಷೆ ಹೀಗೆ ಮಾಡಿ. ಮ್ಯಾಗಝೀನ್ ತೆಗೆದು, ಸ್ಲೈಡ್ ಹಿಂದಿಟ್ಟು, ಚೇಂಬರ್ (ನಳಿಗೆಯಲ್ಲಿ ರೌಂಡ್ ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳಿಂದ ಮುಟ್ಟಿಯೂ ನೋಡಿ. ಆಮೇಲೆ ಸುರಕ್ಷಿತ ದಿಕ್ಕಿಗೆ ಗುರಿ ಹಿಡಿದು 15 ಸೆಕೆಂಡ್ ನಿಲ್ಲಿ, ಇಳಿಸಿ, ಮತ್ತೆ ಹಿಡಿಯಿರಿ. ಐದನೇ ಸಲ ಹತ್ತನೇ ಸೆಕೆಂಡಿಗೇ ಮುಂದಿನ ಸೈಟ್ ಕೆಳಗೆ ಇಳಿಯೋಕೆ ಶುರುವಾದರೆ ಆ ಪಿಸ್ತೂಲು ಸದ್ಯಕ್ಕೆ ನಿಮಗೆ ಭಾರ. 17 ರೌಂಡ್ ತುಂಬಿದರೆ ಇನ್ನೂ 200 ಗ್ರಾಂ ಸೇರುತ್ತೆ ಅನ್ನೋದೂ ನೆನಪಿರಲಿ.

ಹತ್ತರ ಗೆರೆ

ಮೇಲಿನ ಇಬ್ಬರೂ ಒದೆತದ ಹಿಂದೆಯೇ ಬಿದ್ದಿದ್ದಾರೆ. ಪ್ರಶ್ನೆಯಲ್ಲಿ "ಎಡಕ್ಕೆ ಕೆಳಕ್ಕೆ" ಅಂತ ಇದೆ, ಅದನ್ನ ಯಾರೂ ಹಿಡಿಯಲಿಲ್ಲ. ಬಲಗೈಯವರಿಗೆ ಅದು ಹೆಚ್ಚಾಗಿ ಬೆಚ್ಚುವಿಕೆ. ಗುಂಡು ಹಾರೋ ಮುಂಚೆಯೇ ಕೈ ಒದೆತಕ್ಕೆ ಎದುರು ತಳ್ಳುತ್ತೆ. 1.3 ಕೆಜಿ ಉಕ್ಕು ಅದನ್ನ ಸ್ವಲ್ಪ ಮುಚ್ಚಿಹಾಕುತ್ತೆ, ವಾಸಿ ಮಾಡೋದಿಲ್ಲ.

ಡಮ್ಮಿ ರೌಂಡ್ (ಸಿಡಿಯದ ನಕಲಿ) ತಗೊಳ್ಳಿ. ಎಂಟು ಅಸಲಿ, ಎರಡು ಡಮ್ಮಿ, ಬೇರೆಯವರ ಕೈಲಿ ಕಲಸಿ ತುಂಬಿಸಿ. ಡಮ್ಮಿ ಬಂದಾಗ ಸದ್ದಿಲ್ಲದೆ ಮೂತಿ ಕುಕ್ಕಿದರೆ ಕಾರಣ ಎದುರಿಗೇ ಕಾಣುತ್ತೆ. ಮನೆಯಲ್ಲಿ, ಅಸಲಿ ರೌಂಡ್ ಬೇರೆ ಕೋಣೆಯಲ್ಲಿಟ್ಟು, ಮುಂದಿನ ಸೈಟಿನ ಹತ್ತಿರ ಸ್ಲೈಡ್ ಮೇಲೆ ಒಂದು ನಾಣ್ಯ ಕೂರಿಸಿ ಟ್ರಿಗರ್ ಒತ್ತಿ. ಹ್ಯಾಮರ್ (ಹಿಂದಿನ ಬಡಿಗೆ) ಬಿದ್ದರೂ ನಾಣ್ಯ ಬೀಳಬಾರದು.

ಬೆಚ್ಚೋದು ಅರ್ಧಕ್ಕರ್ಧ ಸದ್ದಿಗೆ, ಒದೆತಕ್ಕಲ್ಲ. ಮುಚ್ಚಿದ ರೇಂಜಿನಲ್ಲಿ ಕಿವಿಯೊಳಗೆ ಪ್ಲಗ್, ಮೇಲೆ ಮಫ್, ಎರಡೂ ಹಾಕಿ. ಎಷ್ಟೋ ಜನರ ಗುರಿಹಾಳೆಯಲ್ಲಿ ತೂತುಗಳ ಗುಂಪು ಅಷ್ಟಕ್ಕೇ ಕುಗ್ಗುತ್ತೆ.

ಇನ್ನು ಹಿಡಿ. ಅಂಗೈ ಚಿಕ್ಕದು ಅಂದಿರಿ. ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂತಾಗ, ಬೆರಳಿಗೂ ಫ್ರೇಮಿಗೂ ನಡುವೆ ಒಂದು ಗೆರೆಯಷ್ಟು ಬೆಳಕು ಕಾಣಬೇಕು. ಬರೀ ಉಗುರಂಚು ಮುಟ್ಟುವಷ್ಟು ದೂರ ಇದ್ದರೆ ಗುಂಡು ಎಡಕ್ಕೆ, ಗೆಣ್ಣಿನ ಮಡಿಕೆವರೆಗೆ ಒಳಗೆ ಹೋದರೆ ಬಲಕ್ಕೆ. 92ಎಫ್‌ಎಸ್ ಹಿಡಿ ದಪ್ಪ, ಡಬಲ್ ಆಕ್ಷನ್‌ನಲ್ಲಿ (ಟ್ರಿಗರ್ ಒತ್ತೇ ಹ್ಯಾಮರ್ ಎತ್ತಿ ಬೀಳಿಸುವಾಗ) ಟ್ರಿಗರ್ ದೂರ. ನಿಮಗೆ ಅದು ಕಷ್ಟ ಅನ್ನಿಸುತ್ತೆ. ಶ್ಯಾಡೋ 2ರ ಅಲ್ಯೂಮಿನಿಯಂ ಹಿಡಿಪಟ್ಟಿಗಳು ತೆಳು, ಹ್ಯಾಮರ್ ಎಳೆದಿಟ್ಟಾಗ ಟ್ರಿಗರ್ ಹತ್ತಿರ ಬರುತ್ತೆ.

ಹೊಸಗುರಿ

ಒಳ್ಳೇದಾಯ್ತು ಕೇಳಿದ್ದು. 1911 .45 ಪಟ್ಟಿಯಿಂದ ಔಟ್. ಎರಡು ಪ್ರಶ್ನೆ: 147 ಗ್ರೇನ್ ಹಾಕಿದರೆ ಇನ್ನೂ ಮೆತ್ತಗಾಗುತ್ತಾ? ಮುಂದೆ ಒಂದೇ ಕೈ ಸ್ಪರ್ಧೆಗೆ ಇದೇ ಪಿಸ್ತೂಲು ನಡೆಯುತ್ತಾ?

ನಳಿಗೆಮೂತಿ

147 ಗುಂಡು ನಿಧಾನ, ಸೆಕೆಂಡಿಗೆ 300 ಮೀಟರ್ ಆಸುಪಾಸು. ಶಬ್ದದ ವೇಗಕ್ಕಿಂತ ಕೆಳಗೆ ಇರೋದರಿಂದ ಚಟೀರ್ ಸದ್ದು ಕಮ್ಮಿ, ತಳ್ಳು ಮೆತ್ತಗೆ. ಆದರೆ ಮೆತ್ತನೆ ಲೋಡಿಗೆ ಗಟ್ಟಿ ರಿಕಾಯಿಲ್ ಸ್ಪ್ರಿಂಗ್ (ಸ್ಲೈಡನ್ನ ಮುಂದಕ್ಕೆ ತಳ್ಳುವ ಸ್ಪ್ರಿಂಗ್) ಜೋಡಿಯಾದರೆ ಸ್ಲೈಡ್ ಪೂರ್ತಿ ಹಿಂದೆ ಹೋಗೋದಿಲ್ಲ, ಖಾಲಿ ಕೇಸ್ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತೆ. ಕೇಸ್‌ಗಳು ಕಾಲಬುಡದಲ್ಲೇ ಬೀಳ್ತಿದ್ದರೆ ಸ್ಪ್ರಿಂಗ್ ಒಂದು ಮೆಟ್ಟಿಲು ಇಳಿಸಿ. ತೀರಾ ಇಳಿಸಿದರೆ ಕೇಸ್ ಆಚೆ ಲೇನ್ ದಾಟುತ್ತೆ, ಸ್ಲೈಡ್ ಫ್ರೇಮಿಗೆ ಗುದ್ದುತ್ತೆ. ಹೇಗೂ 3,000ದಿಂದ 5,000 ರೌಂಡಿಗೊಮ್ಮೆ ಬದಲಿಸಿ. ಸಿಝೆಡ್ 75ರ ವಂಶದಲ್ಲಿ (ಶ್ಯಾಡೋ 2 ಅದೇ ವಂಶ) ಮುರಿಯೋದು ಸ್ಲೈಡ್ ಸ್ಟಾಪ್ ಪಿನ್ ಮತ್ತು ಟ್ರಿಗರ್ ರಿಟರ್ನ್ ಸ್ಪ್ರಿಂಗ್. ಒಂದೊಂದು ಚೀಲದಲ್ಲಿರಲಿ.

ಹತ್ತರ ಗೆರೆ

ಒಂದೇ ಕೈ ಅಂದರೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) 25 ಮೀಟರ್ ಸೆಂಟರ್‌ಫೈರ್ ಅಂದುಕೊಳ್ತೇನೆ. ಅದರಲ್ಲಿ ಕ್ಯಾಲಿಬರ್ 7.62ರಿಂದ 9.65 ಮಿಮೀ, ತೂಕ ಗರಿಷ್ಠ 1,400 ಗ್ರಾಂ, ಟ್ರಿಗರ್ ಕನಿಷ್ಠ 1,000 ಗ್ರಾಂ. ನಿಯಮದ ಪ್ರಕಾರ 9 ಮಿಮೀಗೆ ಅಡ್ಡಿಯಿಲ್ಲ, ಆದರೆ ಅಲ್ಲಿನವರ ಕೈಲಿ ಇರೋದು ಪಾರ್ದಿನಿ ಎಚ್‌ಪಿ, ವಾಲ್ಟರ್ ಜಿಎಸ್‌ಪಿ ಥರದವು, .32 ವಾಡ್‌ಕಟರ್ (ಚಪ್ಪಟೆ ತುದಿಯ ಗುಂಡು) ಹೊಡೆಯೋವು. ಅದರ ಸಂವೇಗ 9 ಮಿಮೀಯ ಅರ್ಧದಷ್ಟು. ಮೂತಿಭಾರದ ಉಕ್ಕನ್ನು ಒಂದೇ ಕೈಲಿ 60 ಹೊಡೆತದವರೆಗೆ ಎತ್ತಿ ಹಿಡಿಯೋದು ಬೇರೆಯದೇ ಕಸರತ್ತು. ಈಗಿನ ಆಯ್ಕೆಗೆ ಅದನ್ನ ತಳಕು ಹಾಕಬೇಡಿ.

ಸೈಟ್ ಮಾತ್ರ ಹಿಂದಿನದು ತಿರುಪಿನಿಂದ ಹೊಂದಿಸುವಂಥದ್ದೇ ಬೇಕು. ಎರಡು ಸೈಟ್‌ಗಳ ಅಂತರ 160 ಮಿಮೀ ಇದ್ದರೆ, ಮುಂದಿನದು ಹತ್ತನೇ ಒಂದು ಮಿಮೀ ಸರಿದರೂ 25 ಮೀಟರಿನಲ್ಲಿ ಗುಂಡು ಒಂದೂವರೆ ಸೆಂಟಿಮೀಟರ್ ಆಚೆ.

ಹೊಸಗುರಿ

ಶ್ಯಾಡೋ 2 ಕೈಗೆ ಹಿಡಿದು ನೋಡಿದೆ. ಬೆಳಕಿನ ಗೆರೆ ಕಾಣುತ್ತೆ, 15 ಸೆಕೆಂಡ್ ಐದು ಸಲವೂ ನಿಂತಿತು. ಆದರೆ ಸ್ಲೈಡ್ ಎಳೆಯೋದೇ ಕಷ್ಟ ಮಾರಾಯ್ರೇ.

ಕಬ್ಬಿಣದ ಕಡಲೆ

ಹ್ಯಾಮರ್ ಇಳಿದಿತ್ತು ಅನ್ಸುತ್ತೆ. ಆಗ ರಿಕಾಯಿಲ್ ಸ್ಪ್ರಿಂಗಿನ ಜೊತೆ ಹ್ಯಾಮರ್ ಸ್ಪ್ರಿಂಗನ್ನೂ ನೀವೇ ಎಳೀತಿರ್ತೀರಿ. ಮೊದಲು ಹೆಬ್ಬೆರಳಿಂದ ಹ್ಯಾಮರ್ ಹಿಂದಕ್ಕೆ ಎಳೆದಿಡಿ, ಬೆರಳು ಟ್ರಿಗರ್‌ನಿಂದ ದೂರ, ಮೂತಿ ಗುರಿಯ ಕಡೆ. ಆಮೇಲೆ ಎಡಗೈಯ ನಾಲ್ಕು ಬೆರಳನ್ನೂ ಸ್ಲೈಡ್ ಮೇಲಿಂದ ಹಾಯಿಸಿ ಗೀರುಗಳ ಮೇಲೆ ಹಿಡಿದು, ಎಡಗೈ ಎಳೆಯೋ ಬದಲು ಬಲಗೈಯಿಂದ ಪಿಸ್ತೂಲನ್ನ ಮುಂದಕ್ಕೆ ತಳ್ಳಿ. ಮಧ್ಯೆ ನಿಲ್ಲಿಸಬೇಕಾಗಿ ಬಂದರೆ ರೌಂಡ್ ಚೇಂಬರಿನಲ್ಲಿರುವಾಗ ಹ್ಯಾಮರನ್ನ ಕೈಯಲ್ಲಿ ಇಳಿಸೋ ಸಾಹಸ ಬೇಡ, ಇದರಲ್ಲಿ ಡಿಕಾಕರ್ (ಹ್ಯಾಮರನ್ನ ಸುರಕ್ಷಿತವಾಗಿ ಇಳಿಸುವ ಲಿವರ್) ಇಲ್ಲ. ಮ್ಯಾಗಝೀನ್ ತೆಗೆದು, ರೌಂಡ್ ಹೊರಹಾಕಿ, ಸ್ಲೈಡ್ ತೆರೆದೇ ಕೆಳಗಿಡಿ.