ಉಂಗುರದಿಂದ ಬೆಳಕು ಬರಬಾರದಿತ್ತು

ಗುಂಪು: ಅಜ್ಜನ ಮನೆ ಬಳಗ

ಅಣ್ಣ: (ವಿಡಿಯೊ) 1996ರ ಫ್ಯಾಂಟಮ್ ಚಿತ್ರದ ತೂಗುಸೇತುವೆ ದೃಶ್ಯ. ನಾವು ಓದಿ ಬೆಳೆದ ಕಾಮಿಕ್ಸ್‌ನ ಅದೇ ಮುಖವಾಡದ ಕಾಡಿನ ನಾಯಕ. ದುಷ್ಟರು ಹುಡುಗನನ್ನು ಲಾರಿಯಲ್ಲಿ ಕಟ್ಟಿಹಾಕಿ ಹೊರಟುಹೋಗಿದ್ದಾರೆ. ಸೇತುವೆ ಕುಸಿಯುತ್ತಿದೆ. ಆಗ ನೇರಳೆ ಉಡುಪಿನವನು ಬರುತ್ತಾನೆ. ಎಲ್ಲರೂ ಪೂರ್ತಿ ನೋಡಿ. ಈಗಿನ ಸೂಪರ್‌ಹೀರೊ ಚಿತ್ರಗಳಲ್ಲಿ ಇಷ್ಟು ಚೊಕ್ಕಟವಾದ ಸಾಹಸ ಎಲ್ಲಿದೆ, ತೋರಿಸಿ.

ತೇಜಸ್: ದೃಶ್ಯ ಚೆನ್ನಾಗಿದೆ ಅಪ್ಪ. ಆದರೆ ಚಿತ್ರ ಮುಗ್ಗರಿಸಿತು. ಸುಮಾರು 4.5 ಕೋಟಿ ಡಾಲರ್ ಸುರಿದು ಅಮೆರಿಕದಲ್ಲಿ 1.7 ಕೋಟಿಯಷ್ಟೇ ಗಳಿಸಿತು. ಜನರಿಗೆ ಬೇಡವಾದ ನಾಯಕ ಅವನು. ಇನ್ನೊಮ್ಮೆ ಯಾರಾದರೂ ತೆರೆಗೆ ತರುವುದಾದರೆ ಬುಡದಿಂದಲೇ ಬದಲಾಯಿಸಬೇಕು.

ಅಣ್ಣ: ಗಲ್ಲಾಪೆಟ್ಟಿಗೆಯ ಲೆಕ್ಕದಿಂದ ಚಿತ್ರವನ್ನು ತೂಗಬೇಡ. ಬಿಲ್ಲಿ ಜೇನ್ ಆ ಪಾತ್ರಕ್ಕಾಗಿ ಮೈ ಹುರಿಗೊಳಿಸಿಕೊಂಡವನು, ಉಡುಪಿನೊಳಗೆ ಕೃತಕ ಸ್ನಾಯು ತುಂಬಿಸಿಕೊಂಡವನಲ್ಲ. ಮುಖದಲ್ಲಿ ಎಷ್ಟು ಸಂತೋಷವಿದೆ ನೋಡು. ಫ್ಯಾಂಟಮ್ ಒಳ್ಳೆಯತನವನ್ನು ಹೊರೆಯಂತೆ ಹೊತ್ತು ತಿರುಗುವವನಲ್ಲ. ಕಪ್ಪು ಕಪ್ಪಾಗಿ ಗೊಣಗುವ ಈಗಿನ ನಾಯಕರನ್ನು ನೋಡಿ ನನಗೆ ಸಾಕಾಗಿದೆ.

ವೀಣಾ (ಬ್ರಿಸ್ಬೇನ್): ಇಲ್ಲಿ ಆ ಚಿತ್ರದ ಮೇಲೆ ಈಗಲೂ ಅಭಿಮಾನವಿದೆ ಅಣ್ಣ. ನಿರ್ದೇಶಕ ಸೈಮನ್ ವಿನ್ಸರ್ ಇಲ್ಲಿಯವರು, ಚಿತ್ರೀಕರಣದ ಒಂದು ಭಾಗವೂ ಕ್ವೀನ್ಸ್‌ಲ್ಯಾಂಡಿನಲ್ಲೇ ನಡೆಯಿತು. ಫ್ರೂ ಸಂಸ್ಥೆ 1948ರಿಂದ ಫ್ಯಾಂಟಮ್ ಪುಸ್ತಕಗಳನ್ನು ಪ್ರಕಟಿಸುತ್ತಾ ಬಂದಿದೆ. ಸ್ವೀಡನ್ನಿನಲ್ಲೂ ಅವನಿಗೆ ದೊಡ್ಡ ಓದುಗ ಬಳಗವಿದೆ. ಹುಟ್ಟಿದ ಅಮೆರಿಕದಲ್ಲಿ ಅವನನ್ನು ಮರೆತಿದ್ದಾರೆ, ಹೊರಗಿನವರು ಎದೆಗೆ ಹಚ್ಚಿಕೊಂಡಿದ್ದಾರೆ. ಆದ್ದರಿಂದ ‘ಜನರಿಗೆ ಬೇಡ’ ಎನ್ನುವ ಮಾತು ಸರಿಯಲ್ಲ ತೇಜಸ್. ಯಾವ ಜನರಿಗೆ?

ಅಣ್ಣ: ನಮ್ಮನ್ನೂ ಸೇರಿಸು. ಇಂದ್ರಜಾಲ ಕಾಮಿಕ್ಸ್ ಶುರುವಾದದ್ದೇ ಫ್ಯಾಂಟಮ್‌ನಿಂದ, 1964ರಲ್ಲಿ. 1990ರ ತನಕ ಎಂಟುನೂರಕ್ಕೂ ಹೆಚ್ಚು ಸಂಚಿಕೆ ಬಂದವು. ಕನ್ನಡದಲ್ಲೂ ಬಂದವು.

ನಾನು: ಆ ಚಿತ್ರವನ್ನು ನಾನೂ ಮನಸಾರೆ ನೋಡಿದ್ದೇನೆ ಅಣ್ಣ. ನೀನು ಕಳಿಸಿದ ದೃಶ್ಯಕ್ಕೆ ನನ್ನ ತಕರಾರಿಲ್ಲ. ಅಲ್ಲಿ ಇರುವುದು ಒಬ್ಬ ಮನುಷ್ಯ, ಒಂದು ಕುದುರೆ, ಒಂದು ಹಗ್ಗ. ಅವನು ತೋಳಿನ ಬಲದಿಂದ ಹುಡುಗನನ್ನು ಎಳೆದುಕೊಳ್ಳುತ್ತಾನೆ. ಫ್ಯಾಂಟಮ್ ಎಂದರೆ ಅಷ್ಟೇ. ಆದರೆ ಕೊನೆಯ ದೃಶ್ಯಕ್ಕೆ ಬಾ. ಮೂರು ಮಾಯಾ ತಲೆಬುರುಡೆಗಳು ಒಂದಾಗಿ ಬೆಳಕಿನ ಕಿರಣ ಉಗುಳುತ್ತವೆ. ನಮ್ಮವನು ಕೈ ಎತ್ತಿದೊಡನೆ ಅವನ ಉಂಗುರವೇ ನಾಲ್ಕನೆಯ ಬುರುಡೆ ಎಂದು ತಿಳಿಯುತ್ತದೆ, ಅದರಿಂದಲೂ ಕಿರಣ ಹೊರಡುತ್ತದೆ. ಅಲ್ಲಿ ನನಗೆ ಹೊಟ್ಟೆ ಉರಿಯಿತು. ಆ ಉಂಗುರದಿಂದ ಬೆಳಕು ಬರಬಾರದಿತ್ತು.

ತೇಜಸ್: ಏಕೆ ಬರಬಾರದು ಅತ್ತೆ? ತಲೆಬುರುಡೆಯ ಉಂಗುರ ಎಂದ ಮೇಲೆ ಅದರಲ್ಲಿ ಏನಾದರೂ ಮಹಿಮೆ ಇರಬೇಡವೇ?

ನಾನು: ಮಹಿಮೆ ಇದೆ, ಮಾಯೆ ಇಲ್ಲ. ಬಲಗೈ ಉಂಗುರದ ಗುದ್ದು ಬಿದ್ದರೆ ದವಡೆಯ ಮೇಲೆ ಬುರುಡೆಯ ಗುರುತು ಮೂಡುತ್ತದೆ, ಸಾಯುವ ತನಕ ಅಳಿಯುವುದಿಲ್ಲ. ಹತ್ತು ವರ್ಷ ಕಳೆದ ಮೇಲೂ ಯಾವುದೋ ಬಂದರಿನ ಹೋಟೆಲಿನಲ್ಲಿ ಕುಳಿತವನು ಗುರುತು ಮುಚ್ಚಿಕೊಳ್ಳಲು ಕೈಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾನೆ. ಎಡಗೈ ಉಂಗುರದ ಗುರುತಾದರೆ ಅಭಯ. ಅದು ಇರುವ ಮನೆಯನ್ನು ಯಾರೂ ಮುಟ್ಟುವುದಿಲ್ಲ. ಈ ಎರಡೂ ಕೆಲಸ ಮಾಡುವುದು ಜನರ ಮನಸ್ಸಿನಲ್ಲಿ. ಕಿರಣ ಬಿಟ್ಟೊಡನೆ ಅದು ಆಯುಧವಾಗುತ್ತದೆ, ಅಂಥ ಆಯುಧ ನೂರು ನಾಯಕರ ಬಳಿ ಇದೆ.

ತೇಜಸ್: ಓದುವಾಗ ಅದು ಸರಿ. ನಾನು ದಿನವೂ ಅನಿಮೇಷನ್ ಸ್ಟುಡಿಯೊದಲ್ಲಿ ಕುಳಿತು ಕೆಲಸ ಮಾಡುವವನು, ತೆರೆಯ ಕಷ್ಟ ನನಗೆ ಗೊತ್ತು. ಎರಡು ಗಂಟೆ ಪ್ರೇಕ್ಷಕನನ್ನು ಹಿಡಿದು ಕೂರಿಸಬೇಕು. ಎದುರಾಳಿ ದೊಡ್ಡವನಾದಷ್ಟೂ ನಾಯಕನಿಗೂ ಏನಾದರೂ ಕೊಡಬೇಕಾಗುತ್ತದೆ. ಬ್ಯಾಟ್‌ಮನ್‌ಗೂ ಶಕ್ತಿಯಿಲ್ಲ, ಆದರೆ ವಾಹನ, ಉಪಕರಣ ಎಲ್ಲ ಇವೆ. ಬರಿಗೈಯವನನ್ನು ನಿಲ್ಲಿಸಿ ‘ಎಲ್ಲರೂ ಇವನಿಗೆ ಹೆದರುತ್ತಾರೆ’ ಎಂದರೆ ಯಾರು ನಂಬುತ್ತಾರೆ?

ನಾನು: ಎಲ್ಲರೂ ಇದೇ ಲೆಕ್ಕ ಹಾಕಿದರು, ಎಲ್ಲರೂ ಅದೇ ಜಾಗದಲ್ಲಿ ಎಡವಿದರು. 1986ರ ‘ಡಿಫೆಂಡರ್ಸ್ ಆಫ್ ದಿ ಅರ್ಥ್’ ಅನಿಮೇಷನ್ ಸರಣಿ ತೆಗೆದುಕೋ. ಅದರಲ್ಲಿ ಅವನು ಕಾಡಿನ ನಿಯಮದ ಹೆಸರು ಹೇಳಿ ಹತ್ತು ಹುಲಿಗಳ ಬಲವನ್ನು ಕರೆಯುತ್ತಾನೆ, ಬಲ ಮೈಗೆ ಬರುತ್ತದೆ. ಮೂಲದಲ್ಲಿ ಹತ್ತು ಹುಲಿಗಳ ಬಲ ಎನ್ನುವುದು ಕಾಡಿನ ಗಾದೆ. ಜನ ಅವನ ಬಗ್ಗೆ ಹೇಳಿಕೊಳ್ಳುವ ಮಾತು. 1994ರ ‘ಫ್ಯಾಂಟಮ್ 2040’ ಇನ್ನಷ್ಟು ಮುಂದೆ ಹೋಗಿ ಕಣ್ಣಿಗೆ ಕಾಣದಂತೆ ಮಾಯವಾಗುವ ಉಡುಪು ಕೊಟ್ಟಿತು. 2010ರ ಕಿರುಸರಣಿಯಲ್ಲಿ ಗುಂಡು ತಡೆಯುವ, ಯಂತ್ರಗಳಿರುವ ಕವಚ ಬಂತು, ಅವನು ವಾಸಿಸುವ ಬುರುಡೆ ಗುಹೆಯ ಬದಲು ಕಂಪ್ಯೂಟರ್ ತುಂಬಿದ ಠಾಣೆ ಬಂತು. ನಡುವೆ 1996ರ ಉಂಗುರ. ಇವನ ಬಳಿ ಏನೂ ಇಲ್ಲ ಎನ್ನುವುದು ಇವರಿಗೆಲ್ಲ ನಾಚಿಕೆಯ ವಿಷಯವಾಯಿತು. ಇವನ ಬಳಿ ಏನೂ ಇಲ್ಲ ಎನ್ನುವುದೇ ಕಥೆ!

ಅಣ್ಣ: 2010ರದ್ದನ್ನು ಈ ಸಾಲಿಗೆ ಸೇರಿಸಬೇಡ. ಪಟ್ಟೆ ಚಡ್ಡಿ ತೆಗೆದುಹಾಕಿದವರ ಬಗ್ಗೆ ನನಗೆ ಮಾತೇ ಬೇಡ.

ವೀಣಾ (ಬ್ರಿಸ್ಬೇನ್): ಚಡ್ಡಿಯ ಬಣ್ಣದ ವಿಚಾರಕ್ಕೆ ಹೋಗಬೇಡಿ ದಯವಿಟ್ಟು. ಫ್ಯಾಂಟಮ್‌ನನ್ನು ಸೃಷ್ಟಿಸಿದ ಲೀ ಫಾಕ್ ಮನಸ್ಸಿನಲ್ಲಿ ಇದ್ದದ್ದು ಬೂದು ಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟ ಬಂದಾಗ ಅದು ನೇರಳೆಯಾಗಿ ಅಚ್ಚಾಯಿತು. ಸ್ವೀಡನ್ನಿನವರಿಗೆ ಅವನು ನೀಲಿ, ಇಟಲಿಯವರಿಗೆ ಕೆಂಪು. ಯಾವ ಬಣ್ಣವಾದರೂ ಅವನೇ.

ಸುಶೀಲಾ ಚಿಕ್ಕಮ್ಮ: ಬೆಳಿಗ್ಗೆಯಿಂದ ಓದುತ್ತಿದ್ದೇನೆ. ಒಂದು ಮಾತು ಹೇಳುತ್ತೇನೆ, ಯಾರೂ ಬೇಸರ ಮಾಡಿಕೊಳ್ಳಬೇಡಿ. ಆ ಪುಸ್ತಕಗಳನ್ನು ನಾನೂ ಶಾಲೆಯ ಮಕ್ಕಳಿಂದ ಕಿತ್ತುಕೊಂಡು ಆಮೇಲೆ ಓದಿದವಳು. ಬಿಳಿಯನೊಬ್ಬ ಸಿಂಹಾಸನದ ಮೇಲೆ ಕೂರುವುದು, ಕರಿಯರು ಈಟಿ ಹಿಡಿದು ಸುತ್ತ ನಿಲ್ಲುವುದು, ನಾನೂರು ವರ್ಷ ಇವನ ಮನೆತನವೇ ಅವರನ್ನು ಕಾಯುವುದು. ಇದನ್ನು ಹೇಗೆ ಒಪ್ಪುತ್ತೀರಿ? ಚಿತ್ರ ತೆಗೆದವರು ಉಂಗುರ ಬದಲಾಯಿಸಿದರೋ ಉಡುಪು ಬದಲಾಯಿಸಿದರೋ ನನಗೆ ಬೇಕಿಲ್ಲ. ಬದಲಾಯಿಸಬೇಕಾದ್ದು ಇದು. ಯಾರೂ ಮುಟ್ಟಲಿಲ್ಲ.

ತೇಜಸ್: ಚಿಕ್ಕಜ್ಜಿ, ನಾನು ಹೇಳಬೇಕೆಂದಿದ್ದದ್ದೂ ಇದನ್ನೇ. ಇದಕ್ಕೇ ಬುಡದಿಂದ ಬದಲಾಗಬೇಕು ಎಂದೆ.

ಅಣ್ಣ: 1936ರಲ್ಲಿ ಹುಟ್ಟಿದ ಕಥೆಯನ್ನು ಇವತ್ತಿನ ಕಣ್ಣಿನಿಂದ ಅಳೆದರೆ ಯಾವುದೂ ಉಳಿಯುವುದಿಲ್ಲ ಚಿಕ್ಕಮ್ಮ.

ಸುಶೀಲಾ ಚಿಕ್ಕಮ್ಮ: ಇವತ್ತು ತೆಗೆಯುವ ಚಿತ್ರವನ್ನು ಇವತ್ತಿನ ಕಣ್ಣಿನಿಂದಲೇ ಅಳೆಯಬೇಕಪ್ಪ.

ನಾನು: ಚಿಕ್ಕಮ್ಮ, ನಿಮ್ಮ ಮಾತನ್ನು ತಳ್ಳಿಹಾಕುವಂತಿಲ್ಲ. ಆ ಸಿಂಹಾಸನದ ಚಿತ್ರ ನನಗೂ ಕಸಿವಿಸಿ ತರುತ್ತದೆ. ಆದರೆ ಮೂಲ ಕಥೆಯ ಒಳಗೆ ಬೇರೆ ಒಂದು ಎಳೆಯೂ ಇದೆ, ತೆರೆಗೆ ತಂದವರು ಅದನ್ನು ಕೈಬಿಟ್ಟರು. 1536ರಲ್ಲಿ ಕಡಲ್ಗಳ್ಳರು ಹಡಗು ಸುಟ್ಟರು, ತಂದೆ ಸತ್ತರು, ಮಗ ಅರೆಜೀವವಾಗಿ ದಡಕ್ಕೆ ಬಿದ್ದ. ಅವನನ್ನು ಎತ್ತಿಕೊಂಡು ಹೋಗಿ ಬದುಕಿಸಿದವರು ಕಾಡಿನ ಬಂಡಾರ್ ಜನ. ಅವರೇ ಇಲ್ಲದಿದ್ದರೆ ಮೊದಲ ಫ್ಯಾಂಟಮ್ ಮರಳಿನ ಮೇಲೆಯೇ ಮುಗಿಯುತ್ತಿದ್ದ. ಇನ್ನೊಂದು ಸಂಗತಿ: ಫ್ಯಾಂಟಮ್ ಸಾಯುತ್ತಾನೆ, ಅವನ ಮಗ ಅದೇ ಉಡುಪು ತೊಡುತ್ತಾನೆ ಎನ್ನುವ ಗುಟ್ಟು ಕಾಡಿನಲ್ಲಿ ಗೊತ್ತಿರುವುದು ಬಂಡಾರ್ ಜನರಿಗೆ ಮಾತ್ರ. ಅವರು ಬಾಯಿಬಿಟ್ಟ ದಿನ ಇಪ್ಪತ್ತೊಂದು ತಲೆಮಾರಿನ ಆಟ ಮುಗಿಯಿತು. ಅಂದರೆ ಅವನ ಶಕ್ತಿ ಇರುವುದು ಬಂಡಾರ್ ಮುಖ್ಯಸ್ಥ ಗುರಾನನ ಮೌನದಲ್ಲಿ, ಅವರ ವಿಷದ ಬಾಣದಲ್ಲಿ, ಅವರು ಸಂತೆಯಲ್ಲಿ ಹರಡುವ ಗಾದೆಗಳಲ್ಲಿ. ಈಗ ಹೇಳಿ. ಉಂಗುರಕ್ಕೆ ಮಾಯಾಶಕ್ತಿ ಕೊಟ್ಟರೆ ಮೊದಲು ಬೆಲೆ ಕಳೆದುಕೊಳ್ಳುವವರು ಯಾರು? ಅವರೇ. 1996ರ ಚಿತ್ರದಲ್ಲಿ ಗುರಾನ್ ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ಹೆಚ್ಚೇನೂ ಮಾಡುವುದಿಲ್ಲ, ಏಕೆಂದರೆ ಅವನ ಅಗತ್ಯವೇ ಇಲ್ಲ. ಕವಚ ಕೊಟ್ಟರೂ ಅಷ್ಟೇ, ಕಂಪ್ಯೂಟರ್ ಕೊಟ್ಟರೂ ಅಷ್ಟೇ.

ವೀಣಾ (ಬ್ರಿಸ್ಬೇನ್): ಇದನ್ನು ನಾನು ಈ ದಿಕ್ಕಿನಿಂದ ಯೋಚಿಸಿರಲಿಲ್ಲ ಅಕ್ಕ.

ನಾನು: ಕಥೆ ಅರವತ್ತರ ದಶಕದಿಂದ ತಾನಾಗಿಯೇ ಬೆಳೆಯಿತು ಕೂಡ. ಫ್ಯಾಂಟಮ್‌ನ ಕಾಡಿರುವ ಬಂಗಾಲಾ ಸ್ವತಂತ್ರ ದೇಶವಾಯಿತು (ಇಂದ್ರಜಾಲದಲ್ಲಿ ಅದು ಡೆಂಕಾಲಿ). ಲಮಾಂಡಾ ಲುವಾಗಾ ಎಂಬ ವೈದ್ಯ ಚುನಾವಣೆಯಲ್ಲಿ ಗೆದ್ದು ಅಧ್ಯಕ್ಷನಾದ, ಸೇನೆಯ ಜನರಲ್ ಬಬಾಬು ಆ ಅಧಿಕಾರ ಕಿತ್ತುಕೊಳ್ಳಲು ನೋಡಿದ. ಕಾಡಿನ ಗಸ್ತು ಪಡೆಗೆ ವೊರುಬು ಎಂಬ ಆಫ್ರಿಕದ ಕರ್ನಲ್ ಮುಖ್ಯಸ್ಥನಾದ. ಇಷ್ಟು ರಾಜಕೀಯ ಕೈಯಲ್ಲೇ ಇದ್ದರೂ 1996ರ ಚಿತ್ರ ತೆಗೆದವರು 1938ರ ಕಾಲಕ್ಕೆ ಓಡಿಹೋದರು. ಲುವಾಗಾ ಇರುವ ಬಂಗಾಲಾವನ್ನು ತೆರೆಯ ಮೇಲೆ ನೋಡಬೇಕು ಎನ್ನುವುದು ನನ್ನ ಹಳೆಯ ಆಸೆ.

ಅಣ್ಣ: 1938 ಎಂದರೆ ಆ ಕಾಲದ ವಿಮಾನ, ಕಾರು, ಟೋಪಿ. ಆ ಸೊಗಸು ನಿನಗೆ ಬೇಡವೇ? ವಿಮಾನದಿಂದ ಜಾರಿ ಓಡುತ್ತಿರುವ ಕುದುರೆಯ ಮೇಲೆ ಕೂರುವ ದೃಶ್ಯ ಬೇರೆ ಯಾವ ಕಾಲದಲ್ಲಿ ಹೊಂದುತ್ತದೆ? ಶುರುವಿನಲ್ಲೇ ‘ತಡವಾಗಿ ಬಂದವರಿಗಾಗಿ’ ಎಂದು ಪುಸ್ತಕದ ಹಾಗೆಯೇ ಹಿಂದಿನ ಕಥೆ ಹೇಳುತ್ತಾರೆ. ಓದುಗರ ಮೇಲೆ ಅಷ್ಟು ಗೌರವ ತೋರಿಸಿದವರು ಇನ್ನೊಬ್ಬರಿಲ್ಲ.

ನಾನು: ಆ ಗೌರವ ನಿಜ. ಸತ್ತ ತಂದೆ ಬಂದು ಮಗನ ಜೊತೆ ಮಾತನಾಡುವ ದೃಶ್ಯಗಳೂ ನನಗೆ ಇಷ್ಟ. ಆದರೆ ಅದೇ ಚಿತ್ರದಲ್ಲಿ ಅವನು ನ್ಯೂಯಾರ್ಕಿಗೆ ಹೋಗಿ ಮುಖ ತೋರಿಸಿಕೊಂಡು ತಿರುಗುತ್ತಾನಲ್ಲ, ಅದನ್ನು ಹೇಗೆ ನುಂಗಿದೆ ನೀನು? ಪುಸ್ತಕದಲ್ಲಿ ಊರಿಗೆ ಬಂದರೆ ಓವರ್‌ಕೋಟು, ಹ್ಯಾಟು, ಕಪ್ಪು ಕನ್ನಡಕ. ಮುಖವಾಡ ತೆಗೆದ ಚೌಕದಲ್ಲಿ ನಮಗೆ ಬೆನ್ನು ಮಾತ್ರ ಕಾಣುತ್ತದೆ, ಇಲ್ಲವೇ ಮುಖದ ಮೇಲೆ ನೆರಳು ಬಿದ್ದಿರುತ್ತದೆ. ಮುಖವಾಡದೊಳಗಿನ ಕಣ್ಣಿಗೂ ಪಾಪೆಯಿಲ್ಲ, ಬರೀ ಬಿಳಿ. ಇಷ್ಟು ದಶಕ ಓದಿದ ನಮಗೇ ಅವನ ಮುಖ ಗೊತ್ತಿಲ್ಲ. ನಾವೂ ಕಾಡಿನವರ ಜೊತೆ ಸೇರಿ ನಂಬುವಂತಾದದ್ದು ಅದರಿಂದ. ತೆರೆಯಲ್ಲಿ ತಾರೆಗೆ ದುಡ್ಡು ಕೊಟ್ಟಿದ್ದಾರೆ, ಆದ್ದರಿಂದ ಮುಖ ಕಾಣಲೇಬೇಕು. 2010ರಲ್ಲಂತೂ ಮುಖವಾಡಕ್ಕಿಂತ ಮುಖವೇ ಹೆಚ್ಚು.

ತೇಜಸ್: ಹಾಗಾದರೆ ಅತ್ತೆ, ನಿಮ್ಮ ಪ್ರಕಾರ ಒಬ್ಬರೂ ಸರಿಯಾಗಿ ಮಾಡಲಿಲ್ಲವೇ?

ನಾನು: ಹತ್ತಿರ ಬಂದದ್ದು ಎಲ್ಲಕ್ಕಿಂತ ಹಳೆಯದು. 1943ರ ಕೊಲಂಬಿಯಾ ಸಂಸ್ಥೆಯ ಹದಿನೈದು ಕಂತಿನ ಧಾರಾವಾಹಿ, ಟಾಮ್ ಟೈಲರ್ ನಟಿಸಿದ್ದು. ಕಡಿಮೆ ದುಡ್ಡಿನದು, ಕಾಡೂ ಅಷ್ಟಕ್ಕಷ್ಟೆ. ಅಲ್ಲಿ ಹಳೆಯ ಫ್ಯಾಂಟಮ್ ಕೊಲೆಯಾಗುತ್ತಾನೆ. ಮಗ ಬಂದು ಉಡುಪು ತೊಟ್ಟು ಹೊರಗೆ ನಿಲ್ಲುತ್ತಾನೆ. ಕಾಡಿನವರಿಗೆ ಅವನು ಅದೇ ಮನುಷ್ಯ, ಸಾವಿಲ್ಲದವನು. ಯಾವ ಯಂತ್ರವೂ ಇಲ್ಲ, ಕಿರಣವೂ ಇಲ್ಲ. ನೀನು ಕೇಳಿದೆಯಲ್ಲ, ಬರಿಗೈಯವನನ್ನು ಯಾರು ನಂಬುತ್ತಾರೆ ಎಂದು. ಪ್ರೇಕ್ಷಕ ಆ ಸಾವನ್ನು ಕಣ್ಣಾರೆ ನೋಡಿರಬೇಕು. ಆಮೇಲೆ ಪ್ರತಿ ಹೊಡೆದಾಟದಲ್ಲೂ ಅವನಿಗೆ ಭಯವಿರುತ್ತದೆ: ಗುಂಡು ತಗುಲಿದರೆ ಈ ಹುಡುಗ ಸಾಯುತ್ತಾನೆ, ಎದುರಿನವನಿಗೆ ಮಾತ್ರ ಅದು ಗೊತ್ತಿಲ್ಲ. ಆ ಬಿಗಿ ಸಾಲದೇ ಎರಡು ಗಂಟೆಗೆ?

ತೇಜಸ್: ಎರಡು ಗಂಟೆಗೆ ಸಾಲದು. ಕಂತುಗಳಾದರೆ ಸಾಲಬಹುದು. ದಿನಕ್ಕೆ ಮೂರು ಚೌಕದಂತೆ ತಿಂಗಳುಗಟ್ಟಲೆ ನಡೆದ ಕಥೆಗಳು ಇವು, ಸಿನಿಮಾದ ಓಟ ಅವಕ್ಕೆ ಒಗ್ಗುವುದಿಲ್ಲ. ಆದರೆ 2040ರ ಸರಣಿಯನ್ನು ನೀವು ಅನ್ಯಾಯವಾಗಿ ಹೊಡೆದಿರಿ. ಅಲ್ಲಿಯೂ ತಂದೆ ಸತ್ತಿದ್ದಾನೆ, ತಾನು ಯಾರೆಂದು ಹುಡುಗನಿಗೇ ಗೊತ್ತಿಲ್ಲ, ದಾರಿ ತೋರಿಸುವವನು ಗುರಾನ್. ಮಾಯವಾಗುವ ಉಡುಪು ಒಂದು ಇದೆ ಎಂದು ಇಷ್ಟನ್ನೂ ಬದಿಗೆ ಸರಿಸಬಹುದೇ? ಪೀಟರ್ ಚಂಗ್ ರೂಪಿಸಿದ ಪಾತ್ರಗಳ ಆ ಉದ್ದನೆಯ ಮೈಕಟ್ಟು ನೋಡಿಯೇ ನಾನು ಈ ವೃತ್ತಿಗೆ ಬಂದವನು.

ನಾನು: ಗುರಾನನ ವಿಷಯ ಒಪ್ಪುತ್ತೇನೆ. ಉಡುಪಿನ ವಿಷಯ ಇಲ್ಲ. ಕಾಣದಂತೆ ಮಾಯವಾಗುವವನು ಯಾರನ್ನೂ ನಂಬಿಸಬೇಕಾಗಿಲ್ಲ.

ಸುಶೀಲಾ ಚಿಕ್ಕಮ್ಮ: ಗುಟ್ಟು ಬಂಡಾರ್ ಜನರ ಕೈಯಲ್ಲಿದೆ ಎಂದೆಯಲ್ಲ, ಆ ಮಾತು ಹಿಡಿಸಿತು. ಹಾಗಿದ್ದರೆ ಇನ್ನೂ ಒಂದು ಹೆಜ್ಜೆ ಹೋಗು. ಗುಟ್ಟು ಕಾಯುವವರು ಅವರು, ಬದುಕಿಸಿದವರು ಅವರು. ಮುಂದಿನವಳು ಗುರಾನನ ಮೊಮ್ಮಗಳೇ ಏಕೆ ಆಗಬಾರದು? ಮುಖ ಯಾರಿಗೂ ಕಾಣುವುದಿಲ್ಲ ಎಂದು ನೀನೇ ಹೇಳಿದೆ.

ಅಣ್ಣ: ಅದು ಆಗುವುದಿಲ್ಲ ಚಿಕ್ಕಮ್ಮ. ಮೊದಲ ಫ್ಯಾಂಟಮ್ ತಂದೆಯನ್ನು ಕೊಂದವನ ತಲೆಬುರುಡೆ ಮುಟ್ಟಿ ಮಾಡಿದ ಪ್ರತಿಜ್ಞೆಯಲ್ಲಿ ‘ನನ್ನ ಮಕ್ಕಳು, ಅವರ ಮಕ್ಕಳು’ ಎಂದಿದೆ. ವಂಶ ಬಿಟ್ಟರೆ ಫ್ಯಾಂಟಮ್ ಉಳಿಯುವುದಿಲ್ಲ.

ವೀಣಾ (ಬ್ರಿಸ್ಬೇನ್): ಹೆಣ್ಣು ಆಗಬಾರದು ಎಂದೇನಿಲ್ಲ ಅಣ್ಣ. 17ನೆಯ ಫ್ಯಾಂಟಮ್ ಗಾಯಗೊಂಡಾಗ ಅವನ ಸೋದರಿ ಜೂಲಿ ಆ ಉಡುಪು ತೊಟ್ಟು ಕೆಲಸ ನಡೆಸಿದ್ದಾಳೆ. ಅದನ್ನು ಬರೆದದ್ದು ಲೀ ಫಾಕ್ ಅವರೇ.

ಅಣ್ಣ: ಜೂಲಿ ಮನೆಯ ಮಗಳು. ಅದು ಬೇರೆ.

ನಾನು: ಚಿಕ್ಕಮ್ಮ ಕೇಳಿದ್ದಕ್ಕೆ ನನ್ನ ಉತ್ತರ ಆಗಬಹುದು ಎಂದೇ. ಅಣ್ಣನಿಗೆ ಸಿಟ್ಟು ಬರಲಿ. ಗುರಾನನ ಮೊಮ್ಮಗಳು ಗುಹೆಯಲ್ಲಿ ಕುಳಿತು ಹಿಂದಿನವರು ಬರೆದಿಟ್ಟ ದಿನಚರಿಗಳನ್ನೆಲ್ಲ ಓದಿ, ಪ್ರತಿಜ್ಞೆ ಮಾಡಿ, ಅದೇ ಉಂಗುರ ಹಾಕಿಕೊಂಡು ಹೊರಗೆ ಬರಲಿ. ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ. ಅವಳ ಕೈಗೆ ಕಿರಣ ಕೊಟ್ಟರೆ ಮಾತ್ರ ಎದ್ದು ಬರುತ್ತೇನೆ.

ಅಣ್ಣ: ನಾನು ಒಪ್ಪುವುದಿಲ್ಲ. ಫ್ಯಾಂಟಮ್‌ನ ವಾಕರ್ ಮನೆತನ ಬಿಟ್ಟರೆ ಅದು ಬೇರೆ ಕಥೆ, ಬೇರೆ ಹೆಸರಿಟ್ಟು ಮಾಡಲಿ. ತೇಜಸ್, ನಿನ್ನ ಅಭಿಪ್ರಾಯ ಹೇಳು.

ತೇಜಸ್: ನಾನು ಆಗಲೇ ಕಾಗದ ತೆಗೆದುಕೊಂಡಿದ್ದೇನೆ ಅಪ್ಪ. ಚಿಕ್ಕಜ್ಜಿ, ಅವಳಿಗೆ ವಯಸ್ಸೆಷ್ಟು?

ಸುಶೀಲಾ ಚಿಕ್ಕಮ್ಮ: ಹದಿನೇಳು. ಕುದುರೆ ಸವಾರಿ ಚೆನ್ನಾಗಿ ಬರಬೇಕು.