ಫರ್ಡಿನಾಂಡ್, ಎಲೆಫಾಂಟ್, ಯಾಗ್ಡ್‌ಟೈಗರ್: ಮಾದರಿ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನನ್ನ ಬಳಿ ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ನಾಶಕ ಎಲೆಫಾಂಟ್‌ನ 1/35 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್ ಇದೆ. ಅದರಿಂದ 1943ರ ಜುಲೈನಲ್ಲಿ ಕುರ್ಸ್ಕ್ ಕದನಕ್ಕಿಳಿದ ವಾಹನವನ್ನು ಮಾಡಬೇಕೆಂದಿದ್ದೇನೆ. ಮುಂಭಾಗದ ಮೆಷಿನ್ ಗನ್ ಅಂಟಿಸದೆ ಬಿಟ್ಟರೆ ಸಾಕೇ? ಕಡುಬೂದು ಬಣ್ಣ ಹಚ್ಚಬಹುದೇ?

ಉತ್ತರ: ಎರಡಕ್ಕೂ ಇಲ್ಲವೆಂದೇ ಹೇಳಬೇಕಾಗುತ್ತದೆ. ಟೈಗರ್ ಟ್ಯಾಂಕಿನ ಸ್ಪರ್ಧೆಯಲ್ಲಿ ಹೆನ್ಷೆಲ್ ಕಂಪನಿಯ ವಿನ್ಯಾಸ ಆಯ್ಕೆಯಾದಾಗ, ಸೋತ ಫರ್ಡಿನಾಂಡ್ ಪೋರ್ಷೆ ತಮ್ಮ ಟ್ಯಾಂಕಿಗೆಂದು ಮೊದಲೇ ಮಾಡಿಸಿಟ್ಟಿದ್ದ ಒಡಲುಗಳು ಹಾಗೆಯೇ ಉಳಿದವು. ಅವುಗಳಲ್ಲಿ ಸುಮಾರು 90ನ್ನು ಆಸ್ಟ್ರಿಯಾದ ಸೇಂಟ್ ವ್ಯಾಲೆಂಟಿನ್‌ನಲ್ಲಿದ್ದ ನಿಬೆಲುಂಗೆನ್ ಕಾರ್ಖಾನೆಯಲ್ಲಿ 88 ಮಿ.ಮೀ. ಫಿರಂಗಿಯ, ಮುಂಭಾಗಕ್ಕೆ 200 ಮಿ.ಮೀ. ದಪ್ಪದ ಕವಚವಿದ್ದ, ಸುಮಾರು 65 ಟನ್ ತೂಕದ ಟ್ಯಾಂಕ್ ನಾಶಕಗಳಾಗಿ ಮಾರ್ಪಡಿಸಲಾಯಿತು. ಫರ್ಡಿನಾಂಡ್ ಎಂದರೆ ಇವೇ. ಕುರ್ಸ್ಕ್‌ನ ಉತ್ತರ ಭಾಗದಲ್ಲಿ 653 ಮತ್ತು 654ನೇ ದಳಗಳು ಇವನ್ನು ಬಳಸಿದವು. ಎದುರಿನಿಂದ ಬಂದ ಗುಂಡುಗಳಿಗಿಂತ ನೆಲಬಾಂಬುಗಳೇ ಇವಕ್ಕೆ ಹೆಚ್ಚು ಹಾನಿ ಮಾಡಿದವು. ಹತ್ತಿರ ಬಂದ ಕಾಲಾಳುಗಳನ್ನು ತಡೆಯಲು ಒಡಲಿನಲ್ಲಿ ಮೆಷಿನ್ ಗನ್ ಇರಲಿಲ್ಲ.

ಕದನದ ನಂತರ ಉಳಿದವುಗಳಲ್ಲಿ 48 ವಾಹನಗಳನ್ನು 1943-44ರ ಚಳಿಗಾಲದಲ್ಲಿ ಅದೇ ಕಾರ್ಖಾನೆಗೆ ತಂದು ದುರಸ್ತಿ ಮಾಡುವಾಗ ಮುಂಭಾಗದ ಮೆಷಿನ್ ಗನ್, ವಾಹನದ ನಾಯಕನಿಗೆ ಸುತ್ತಲೂ ನೋಡಲು ಕಿಂಡಿಗಳುಳ್ಳ ಗುಮ್ಮಟ, ಎಂಜಿನ್ ಮೇಲೆ ಹೊಸ ಜಾಲರಿ, ಕಾಂತೀಯ ಬಾಂಬು ಅಂಟದಂತೆ ಝಿಮ್ಮರಿಟ್ ಎಂಬ ಲೇಪ ಇವೆಲ್ಲ ಸೇರಿದವು. ಎಲೆಫಾಂಟ್ ಎಂಬ ಹೆಸರು ಅಧಿಕೃತವಾಗಿ ಬಂದದ್ದೂ 1944ರಲ್ಲಿಯೇ. ಆದ್ದರಿಂದ ನಿಮ್ಮ ಕಿಟ್‌ನ ಸ್ಪ್ರೂಗಳಲ್ಲಿ (ಬಿಡಿಭಾಗಗಳು ಅಂಟಿಕೊಂಡಿರುವ ಚೌಕಟ್ಟುಗಳಲ್ಲಿ) ಗುಮ್ಮಟದ ಬದಲಿಗೆ ಚಪ್ಪಟೆ ಮುಚ್ಚಳ, ಹಳೆಯ ಜಾಲರಿ, ಮೆಷಿನ್ ಗನ್ ರಂಧ್ರವಿಲ್ಲದ ಮುಂಫಲಕ ಇವೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಇಟಲಿಯ ಆನ್‌ಟ್ಸಿಯೋ ರಂಗದಲ್ಲಿ ಹೋರಾಡಿದ 1944ರ ವಾಹನವನ್ನೇ ಕಟ್ಟುವುದು ಜಾಣತನ. ಪ್ಲಾಸ್ಟಿಕ್ ಕೊರೆದು ಕೂರುವ ಶ್ರಮಕ್ಕಿಂತ ಮತ್ತೊಂದು ಕಿಟ್ ಕೊಳ್ಳುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಬಣ್ಣದ ಮಟ್ಟಿಗೆ, 1943ರ ಫೆಬ್ರುವರಿಯ ಆದೇಶದಿಂದ ಕಡುಬೂದಿನ ಬದಲು ಕಡುಹಳದಿ ಮೂಲಬಣ್ಣವಾಯಿತು. ಕುರ್ಸ್ಕ್‌ನ ಫರ್ಡಿನಾಂಡಿಗೆ ಹಳದಿಯ ಮೇಲೆ ಹಸಿರಿನ ಮಚ್ಚೆ ಸರಿ, ಬೂದು ತಪ್ಪು. ಸೋವಿಯತ್ ಸೈನಿಕರು ಗೋಪುರವಿಲ್ಲದ ಜರ್ಮನ್ ಫಿರಂಗಿ ವಾಹನಗಳನ್ನೆಲ್ಲ ಫರ್ಡಿನಾಂಡ್ ಎಂದೇ ಕರೆಯುತ್ತಿದ್ದುದರಿಂದ, ಅವರ ಹಳೆಯ ವರದಿಗಳನ್ನು ಓದಿ ವಾಹನದ ಗುರುತು ಹಿಡಿಯಲು ಹೋಗಬೇಡಿ.

ಪ್ರಶ್ನೆ: ನನ್ನದೂ ಇದೇ ವಾಹನ, ಸರ್. ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಹಲ್ಲುಗಳಿವೆ. ಕಿಟ್ ತಯಾರಕರ ತಪ್ಪೇ? ಟ್ರ್ಯಾಕ್ (ಗಾಲಿಗಳನ್ನು ಸುತ್ತುವರಿದ ಸರಪಳಿಪಟ್ಟಿ) ಎಷ್ಟು ಜೋಲಬೇಕು?

ಉತ್ತರ: ತಪ್ಪಲ್ಲ, ಪೋರ್ಷೆಯವರ ವಿನ್ಯಾಸವೇ ಹಾಗೆ. ಎರಡು ಮೇಬಾಕ್ ಎಂಜಿನ್‌ಗಳು ಒಡಲಿನ ನಡುವೆ ಕುಳಿತು ಜನರೇಟರ್ ತಿರುಗಿಸುತ್ತಿದ್ದವು. ಆ ವಿದ್ಯುತ್ತಿನಿಂದ ಓಡುವ ಮೋಟಾರುಗಳು ಹಿಂದಿನ ಹಲ್ಲುಗಾಲಿಗಳನ್ನು ತಿರುಗಿಸುತ್ತಿದ್ದವು. ಮುಂದಿನ ಗಾಲಿಗೆ ಚಾಲನೆಯಿರಲಿಲ್ಲ, ಹಲ್ಲು ಮಾತ್ರ ಇತ್ತು. ಎಂಜಿನ್ ನಡುವೆ ಬಂದುದರಿಂದ ಚಾಲಕ ಮತ್ತು ರೇಡಿಯೋದವರು ಮುಂದೆ, ಉಳಿದ ನಾಲ್ವರು ಹಿಂದೆ, ಹೀಗೆ ಸಿಬ್ಬಂದಿಯೇ ಇಬ್ಭಾಗವಾಗಿತ್ತು. ಒಳಾಂಗಣ ಕಟ್ಟುವವರು ಇದನ್ನು ಗಮನದಲ್ಲಿಡಬೇಕು.

ಟ್ರ್ಯಾಕಿನ ಮೇಲುಭಾಗವನ್ನು ಹೊರಲು ಪ್ರತ್ಯೇಕ ಸಣ್ಣ ಉರುಳೆಗಳಿಲ್ಲ. ಅದು ಆರು ಗಾಲಿಗಳ ನೆತ್ತಿಯ ಮೇಲೆಯೇ ಒರಗಬೇಕು. ರಬ್ಬರಿನಂಥ ಟ್ರ್ಯಾಕ್ ಬಂದಿದ್ದರೆ ಗಾಲಿಗಳ ಮೇಲೆ ಅಂಟು ಇಟ್ಟು, ಒಣಗುವವರೆಗೆ ಸ್ಪಂಜಿನ ತುಂಡು ತುರುಕಿ ಒತ್ತಿಹಿಡಿಯಿರಿ. ಟ್ರ್ಯಾಕ್ ಗಾಳಿಯಲ್ಲಿ ತೇಲಿದಂತೆ ಕಂಡರೆ ಉಳಿದ ಕೆಲಸವೆಲ್ಲ ವ್ಯರ್ಥ.

ಪ್ರಶ್ನೆ: ಯಾಗ್ಡ್‌ಟೈಗರ್ ಎಂಬ ಇನ್ನೊಂದು ಜರ್ಮನ್ ಟ್ಯಾಂಕ್ ನಾಶಕಕ್ಕೆ ಕೆಲವು ಚಿತ್ರಗಳಲ್ಲಿ ಒಂದು ಬದಿಗೆ ಎಂಟು ಗಾಲಿ, ಕೆಲವಲ್ಲಿ ಒಂಬತ್ತು. ಯಾವುದು ಸರಿ? ಪ್ರದರ್ಶನಕ್ಕಿಡುವಾಗ ಫಲಕದಲ್ಲಿ ಏನು ಬರೆಯಬೇಕು?

ಉತ್ತರ: ಫಲಕದಲ್ಲಿ ದಳ, ಸ್ಥಳ, ಕಾಲ ಇರಲಿ. ತಯಾರಾದ ಜಾಗ ಬರೆಯುವುದಾದರೆ ಪೂರ್ತಿ ಬರೆಯಿರಿ: ಇದೂ ಸೇಂಟ್ ವ್ಯಾಲೆಂಟಿನ್‌ನಲ್ಲಿಯೇ ತಯಾರಾಯಿತು, ಮತ್ತು 1944ರ ಆಗಸ್ಟ್‌ನಿಂದ ಅಲ್ಲಿ ನಾಜಿಗಳ ಮೌಟ್‌ಹೌಸೆನ್ ಯಾತನಾ ಶಿಬಿರದ ಉಪಶಿಬಿರವಿದ್ದು, ಕೈದಿಗಳಿಂದ ಬಲವಂತವಾಗಿ ದುಡಿಸಲಾಗುತ್ತಿತ್ತು.

ಗಾಲಿಗಳ ವಿಷಯದಲ್ಲಿ ಎರಡೂ ಸರಿ. ಆರಂಭದ ಕೆಲವೇ ವಾಹನಗಳಿಗೆ ಪೋರ್ಷೆ ಮಾದರಿಯ ಎಂಟು ಗಾಲಿಗಳಿದ್ದವು, ಆಮೇಲಿನವಕ್ಕೆ ಹೆನ್ಷೆಲ್ ಮಾದರಿಯ ಒಂಬತ್ತು. ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿರುವುದು ಎಂಟು ಗಾಲಿಯದು, ರಷ್ಯಾದ ಕುಬಿಂಕಾದಲ್ಲಿರುವುದು ಒಂಬತ್ತರದು. ನಿಮ್ಮ ಕಿಟ್‌ಗೆ ಹೊಂದುವ ವಾಹನದ ಚಿತ್ರಗಳನ್ನೇ ನೋಡಿ. ಝಿಮ್ಮರಿಟ್ ಲೇಪವನ್ನು 1944ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದ್ದರಿಂದ, 1945ರ ಆರಂಭದಲ್ಲಿ ತಯಾರಾದ ಒಂಬತ್ತು ಗಾಲಿಯ ವಾಹನಕ್ಕೆ ಆ ಲೇಪದಂತೆ ಕಾಣಲು ಪುಟ್ಟಿ ಬಳಿದು ಗೀರೆಳೆಯುವ ಕೆಲಸವೇ ಇರುವುದಿಲ್ಲ.